ಹಳೇ ಫೋಟೋಗಳಲ್ಲಿ ಮುಖ ಯಾಕೆ ಅಷ್ಟು ಚಂದ ಕಾಣ್ತದೆ? ಫಿಲ್ಟರ್ ಹಾಕಿದ್ರೆ ಅದೇ ಬರ್ತದಾ?

ನೂರೈವತ್ತು ವರ್ಷ ಹಿಂದಿನ ಫೋಟೋಗಳಲ್ಲಿ ಮನುಷ್ಯರ ಮುಖ ಯಾಕೆ ಅಷ್ಟು ಗಂಭೀರ, ಅಷ್ಟು ಚಂದ, ಫೋನಲ್ಲಿ ಕಂದು ಬಣ್ಣದ ಸೆಪಿಯಾ ಫಿಲ್ಟರ್ ಹಾಕಿದ್ರೂ ಅದು ಯಾಕೆ ಬರುದಿಲ್ಲ ಅಂತ ನೀವು ಕೇಳಿದ್ದು. ನನ್ನ ಮನೆ ಕಾಸರಗೋಡಿನ ಬದಿಯಡ್ಕ ಹತ್ರ. ಐದಾರು ವರ್ಷದಿಂದ ಅಂಗಳದಲ್ಲೇ ಹಳೇ ಕ್ರಮದಲ್ಲಿ ಪ್ರಿಂಟ್ ಮಾಡ್ತಾ ಇದ್ದೇನೆ, ಹಾಗೆ ಮಾಡಿ ಗೊತ್ತಾದದ್ದನ್ನು ಹೇಳ್ತೇನೆ.

ಫಿಲ್ಟರಲ್ಲಿ ಬರುದಿಲ್ಲ. ವಿಷಯ ಇರುದು ಕಂದು ಬಣ್ಣದಲ್ಲಿ ಅಲ್ಲ, ಆ ಕಾಲದ ಪ್ಲೇಟಿಗೆ (ಫಿಲ್ಮಿನ ಬದಲು ಬಳಸ್ತಿದ್ದ, ಬೆಳ್ಳಿಯ ಲವಣ ಹಚ್ಚಿದ ಗಾಜು) ಯಾವ ಬಣ್ಣ ಕಾಣ್ತಿತ್ತು, ಯಾವುದು ಕಾಣ್ತಿರ್ಲಿಲ್ಲ ಅನ್ನುದರಲ್ಲಿ. ಬೆಳ್ಳಿಯ ಲವಣ ತನ್ನಷ್ಟಕ್ಕೆ ನೀಲಿ ಮತ್ತು ನೇರಳೆ ಬೆಳಕಿಗೆ ಮಾತ್ರ ಸ್ಪಂದಿಸುವಂಥದ್ದು, ಕೆಂಪು ಅದಕ್ಕೆ ಕತ್ತಲೆಯ ಹಾಗೆ. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಪ್ಲೇಟಿಗೆ ಡೈ ಸೇರಿಸಿದ್ರೆ ಹಸುರು ಬೆಳಕೂ ಹಿಡೀತದೆ ಅಂತ ಕಂಡುಹಿಡಿದರು, ಕೆಂಪು ಸರಿಯಾಗಿ ಬರ್ಲಿಕ್ಕೆ ಮತ್ತೂ ಎಷ್ಟೋ ವರ್ಷ ಹಿಡೀತು. ಅಂಥ ಪ್ಲೇಟಲ್ಲಿ ನಮ್ಮ ಬೇಕಲ ಕೋಟೆ ತೆಗೆದ್ರೆ ಕೆಂಪು ಮುರಕಲ್ಲಿನ ಗೋಡೆ ಕರ್ರಗೆ, ಮೇಲಿನ ಆಕಾಶ ಖಾಲಿ ಕಾಗದದ ಹಾಗೆ ಬೆಳ್ಳಗೆ ಬರ್ತದೆ. ನಮ್ಮ ಕಡೆ ದೈವ ಕಟ್ಟಿ ಕುಣಿಯುವ ತೆಯ್ಯದ ಮುಖದ ಕೆಂಪು ಬಣ್ಣ ಪೂರ್ತಿ ಕಪ್ಪು. ಮನುಷ್ಯರ ಚರ್ಮದಲ್ಲೂ ಹಾಗೇ, ಕೆಂಪು ಛಾಯೆ ಇರುವ ಕಡೆ ಎಲ್ಲ ಗಾಢವಾಗಿ ಒಂದೊಂದು ಸುಕ್ಕು, ಒಂದೊಂದು ಕಲೆ ಎದ್ದು ಕಾಣ್ತದೆ, ಮುಖ ಕಲ್ಲಲ್ಲಿ ಕೆತ್ತಿದ ಹಾಗೆ ಇರ್ತದೆ. ಈಗಿನ ಫೋನು ಮಾಡುದು ಇದಕ್ಕೆ ಸಮಾ ಉಲ್ಟಾ, ಸುಕ್ಕನ್ನೇ ಮೊದಲು ಒರೆಸಿ ಬಿಡ್ತದೆ, ಆಮೇಲೆ ನೀವು ಅದರ ಮೇಲೆ ಎಂತ ಬಣ್ಣ ಹಚ್ಚಿದ್ರೂ ಹೋದದ್ದು ಬರುದಿಲ್ಲ.

ಆ ಬಿಳಿ ಆಕಾಶ ಆಗಿನವರಿಗೂ ಬೇಸರವೇ ಇತ್ತು. 1854ರಲ್ಲಿ ಹಳೇಬೀಡು, ಬೇಲೂರಿನ ದೇವಸ್ಥಾನಗಳ ಫೋಟೋ ತೆಗೆದ ಲಿನಿಯಸ್ ಟ್ರೈಪ್ ಅಂತ ಒಬ್ಬರು ಸೇನಾಧಿಕಾರಿ ಇದ್ದರು, ಮರುವರ್ಷ ಬರ್ಮಾದಲ್ಲಿ ತೆಗೆದ ಫೋಟೋಗಳ ಕಾಗದದ ನೆಗೆಟಿವ್ (ಕಪ್ಪು ಬಿಳಿ ಉಲ್ಟಾ ಇರುವ ಮೂಲ ಚಿತ್ರ) ಮೇಲೆ ಅವರು ಕೈಯಿಂದಲೇ ಮೋಡ ಬಿಡಿಸಿದ್ದಾರೆ. ಅಂದ್ರೆ ಚಂದ ಮಾಡುವ ಆಸೆ ಹೊಸತಲ್ಲ. ಆದ್ರೆ ಮೋಡ ಬಿಡಿಸುದೂ ಮನುಷ್ಯರ ಮುಖ ಒರೆಸುದೂ ಒಂದೇ ಅಂತ ನಾನು ಒಪ್ಪುದಿಲ್ಲ.

ಇನ್ನೊಂದು ಸಮಯದ್ದು. 1839ರಲ್ಲಿ ಫ್ರಾನ್ಸಿನ ಡಗೇರ್ ಅವರ, ಫೋಟೋ ತೆಗೆಯುವ ಬೆಳ್ಳಿ ಲೇಪದ ತಾಮ್ರದ ತಗಡು ಬಂದಾಗ ಒಂದು ಚಿತ್ರಕ್ಕೆ ಎಷ್ಟೋ ನಿಮಿಷ ಬೇಕಿತ್ತು. ಆಮೇಲೆ ಅದು ಸೆಕೆಂಡುಗಳಿಗೆ ಇಳಿದ್ರೂ ತಲೆ ಅಲ್ಲಾಡದ ಹಾಗೆ ಹಿಂದಿನಿಂದ ಕಬ್ಬಿಣದ ಆಧಾರ ಕೊಡ್ತಿದ್ರು. ಅಷ್ಟು ಹೊತ್ತು ನಗು ಹಿಡಿದುಕೊಳ್ಳಲಿಕ್ಕೆ ಯಾರಿಗೂ ಆಗುದಿಲ್ಲ, ಮುಖ ತಾನಾಗಿ ತನ್ನ ಸ್ಥಿತಿಗೆ ಬಂದು ಕೂರ್ತದೆ. ಕಲ್ಕತ್ತಾದಲ್ಲಿ ಹುಟ್ಟಿದ ಇಂಗ್ಲಿಷ್ ಫೋಟೋಗ್ರಾಫರ್ ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ ಅವರಿಗೆ ಮಗಳು ಅಳಿಯ ಕ್ಯಾಮೆರಾ ಕೊಟ್ಟಾಗ 48 ವರ್ಷ, ಅವರು ಫೋಕಸ್ ಮಾಡ್ತಾ ಕಣ್ಣಿಗೆ ಚಂದ ಕಂಡಲ್ಲೇ ನಿಲ್ಲಿಸ್ತಿದ್ರು, ಮತ್ತೆ ಶಾರ್ಪ್ ಮಾಡ್ಲಿಕ್ಕೆ ಹೋಗ್ತಿರ್ಲಿಲ್ಲ. ಫೋಟೋ ಮಸುಕು ಅಂತ ಬೈದವರು ತುಂಬ ಜನ. ನನಗೆ ಮಾತ್ರ ಆ ಮಸುಕಲ್ಲಿ ಎದುರು ಕೂತವರ ಉಸಿರಾಟ ಉಂಟು ಅಂತ ಕಾಣ್ತದೆ.

ನಮ್ಮ ಮನೆಯಲ್ಲಿ ಅಜ್ಜಿಯದ್ದು ಎರಡು ಫೋಟೋ ಉಂಟು. ಒಂದು ಸ್ಟುಡಿಯೋದಲ್ಲಿ ತೆಗೆದದ್ದು. ಆಗ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಲ್ಲಿ ಸಣ್ಣ ಸಣ್ಣ ಗೆರೆ ಎಳೆದು ಸುಕ್ಕು ಮುಚ್ತಿದ್ರು, ಪೆನ್ಸಿಲ್ ಬಿದ್ದಲ್ಲಿ ಪ್ರಿಂಟ್ ಬೆಳ್ಳಗೆ ಬರ್ತದೆ. ಅಜ್ಜಿಯ ಕೆನ್ನೆಯ ಮಚ್ಚೆಯೂ ಹಾಗೇ ಹೋಗಿದೆ, ಅಮ್ಮ ಅದನ್ನು ನೋಡಿದಾಗೆಲ್ಲ ಇದು ನನ್ನ ಅಮ್ಮನ ಹಾಗೆ ಇಲ್ಲ ಅಂತ ಹೇಳುದು. ಇನ್ನೊಂದು ಯಾರೋ ನೆಂಟರು ಅಂಗಳದಲ್ಲಿ ತೆಗೆದದ್ದು, ಅಡಿಕೆ ಸುಲೀತಾ ಕೂತದ್ದು, ಕುಂಕುಮ ಕಪ್ಪು ಬಿದ್ದಿದೆ, ಕಾಗದ ಬಿಳಚಿದೆ, ಆದ್ರೆ ಹೆಬ್ಬೆರಳಿನ ಗೀರು ಸಹಾ ಕಾಣ್ತದೆ.

ಆ ಎರಡನೇದನ್ನು ನಾನು ಸ್ಕ್ಯಾನ್ ಮಾಡಿ ಪ್ಲಾಸ್ಟಿಕ್ ಶೀಟಲ್ಲಿ ನೆಗೆಟಿವ್ ಪ್ರಿಂಟ್ ತೆಗೆದು ಸಯನೋಟೈಪ್, ಅಂದ್ರೆ ಬಿಸಿಲಲ್ಲಿ ಮೂಡುವ ನೀಲಿ ಪ್ರಿಂಟ್ ಮಾಡಿದೆ. ನೀವೂ ಶುರು ಮಾಡುದಾದ್ರೆ ಇದರಿಂದಲೇ ಮಾಡಿ, ಇದರಲ್ಲಿ ಬೆಳ್ಳಿ ಇಲ್ಲ, ಕಬ್ಬಿಣದ್ದು. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷಲ್ ಕಂಡುಹಿಡಿದದ್ದು, ಮರುವರ್ಷವೇ ಅಲ್ಲಿನ ಸಸ್ಯಶಾಸ್ತ್ರಜ್ಞೆ ಅನ್ನಾ ಆಟ್ಕಿನ್ಸ್ ಪಾಚಿಗಿಡಗಳನ್ನು ಕಾಗದದ ಮೇಲಿಟ್ಟು ಹೀಗೆ ಅಚ್ಚು ತೆಗೀಲಿಕ್ಕೆ ಶುರು ಮಾಡಿದ್ರು. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್ ಎರಡನ್ನೂ ಬೇರೆ ಬೇರೆ ನೀರಲ್ಲಿ ಕರಗಿಸಿ, ಹಚ್ಚುವ ಮೊದಲು ಬೆರೆಸಿ, ಕತ್ತಲೆ ಕೋಣೆಯಲ್ಲಿ ದಪ್ಪ ಕಾಗದಕ್ಕೆ ಬ್ರಶ್ಶಲ್ಲಿ ಹಚ್ಚಿ ಒಣಗಿಸಿ. ಗ್ಲೌಸ್ ಹಾಕಿ, ಆಸಿಡ್ ಹತ್ರ ತರಬೇಡಿ. ಮೊದಲು ಗೋಡೆ ಸಂದಿಯ ಜರಿಗಿಡದ ಒಂದು ಎಲೆ ಇಟ್ಟು, ಮೇಲೆ ಗಾಜು ಒತ್ತಿ ಬಿಸಿಲಿಗೆ ಇಡಿ. ಮಾರ್ಚ್ ಮಧ್ಯಾಹ್ನ ನಮ್ಮಲ್ಲಿ ಹತ್ತು ನಿಮಿಷ ಸಾಕು, ಜೂನಲ್ಲಿ ಮಳೆ ಹಿಡಿದ ಮೇಲೆ ಕೈ ಹಾಕದಿದ್ರೆ ಒಳ್ಳೇದು. ಆಮೇಲೆ ನೀರಲ್ಲಿ ತೊಳೆಯುದು ಅಷ್ಟೇ. ನಮ್ಮ ಮುರಕಲ್ಲಿನ ಬಾವಿ ನೀರು ಸ್ವಲ್ಪ ಹುಳಿ ಗುಣದ್ದು, ಅದು ನೀಲಿಗೆ ಒಳ್ಳೇದೇ, ಸೋಡಾ ಗುಣದ (ಕ್ಷಾರದ) ನೀರಾದ್ರೆ ನೀಲಿ ತಿಂದು ಹಾಕ್ತದೆ.

ಅಜ್ಜಿಯದ್ದು ತೊಳೆಯುವಾಗ ಹಳದಿ ನೀರು ಹೋಗ್ತಾ ಹೋಗ್ತಾ ಮೊದಲು ಸೀರೆ, ಮತ್ತೆ ಕೈ, ಮತ್ತೆ ಮಚ್ಚೆ ಬಂತು, ಅಮ್ಮ ಟಬ್ಬಿನ ಹತ್ರವೇ ಕೂತು ನೋಡಿದ್ರು. ಫ್ರೇಮ್ ಹಾಕಿ ಕಿಟಕಿಯ ಎದುರು ತೂಗಿಸಿದ್ರು, ಎರಡು ತಿಂಗಳ ಬಿಸಿಲಿಗೆ ಬಣ್ಣ ಬಿಳಚಿತು, ನನಗೆ ಗಾಬರಿ ಆಯ್ತು. ತೆಗೆದು ಕಪಾಟಿನ ಕತ್ತಲೆಯಲ್ಲಿ ಸ್ವಲ್ಪ ದಿನ ಇಟ್ಟಾಗ ನೀಲಿ ಪುನಃ ಬಂತು, ಸಯನೋಟೈಪಿನ ಗುಣವೇ ಅದು. ಈಗ ಬಿಸಿಲು ಬೀಳದ ಒಳಗಿನ ಗೋಡೆಯಲ್ಲಿ ಉಂಟು.