ಪ್ಯಾಲೆಸ್ಟೀನ್ ಸಾಹಿತ್ಯೋತ್ಸವದ ವಿವಾದದ ಬಗ್ಗೆ ಯಾರ ಪರವನ್ನೂ ವಹಿಸದೆ ಬರೆಯುವುದು ಹೇಗೆ?

ಎರಡೂ ಕಡೆಯವರಿಗೆ ಸಮಾನ ಜಾಗ ಕೊಟ್ಟರೆ ಸಾಕೇ ಎಂದು ಕೇಳಿದ್ದೀರಿ. ಆ ವಿವಾದದ ಬಗ್ಗೆ ಬರೆದ ಲೇಖನವೊಂದರಲ್ಲಿ ನಾನು ಹಾಗೆಯೇ ಕೊಟ್ಟಿದ್ದೆ. ಸಾಲು ಎಣಿಸಿ, ಆ ಕಡೆಗೆ ಹದಿನಾಲ್ಕು, ಈ ಕಡೆಗೆ ಹದಿನಾಲ್ಕು. ಆ ಲೇಖನ ಅಚ್ಚಾದ ದಿನ ನಮ್ಮ ಮನೆಯ ಹುಡುಗಿಯೊಬ್ಬಳು ಅವಳ ಅಜ್ಜಿಯ ಕಣ್ಣಿನಲ್ಲಿ ತಪ್ಪಿತಸ್ಥೆಯಾದಳು.

ನನ್ನ ಮನೆ ಇರುವುದು ಫಿಲಡೆಲ್ಫಿಯಾದ ಹೊರವಲಯದಲ್ಲಿ. ಆಗ ಕನ್ನಡ ಪತ್ರಿಕೆಯೊಂದರ ಭಾನುವಾರದ ಪುರವಣಿಗೆ ತಿಂಗಳಿಗೆ ಎರಡು ಬಾರಿ ಅಂಕಣ ಬರೆಯುತ್ತಿದ್ದೆ. ಸಾಗರದಲ್ಲಿರುವ ನನ್ನ ದೊಡ್ಡಮ್ಮ ಪ್ರತಿಯೊಂದನ್ನೂ ಕತ್ತರಿಸಿ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಗೆ ಅಂಟಿಸಿಡುತ್ತಿದ್ದರು. ಅವರ ಮೊಮ್ಮಗಳು, ನನಗೆ ಅಕ್ಕನ ಮಗಳು, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು. 2023ರ ಸೆಪ್ಟೆಂಬರ್ 22ರಿಂದ 24ರವರೆಗೆ ಅದೇ ಆವರಣದಲ್ಲಿ ‘ಪ್ಯಾಲೆಸ್ಟೀನ್ ರೈಟ್ಸ್’ (Palestine Writes, ಅಂದರೆ ‘ಪ್ಯಾಲೆಸ್ಟೀನ್ ಬರೆಯುತ್ತದೆ’) ಎಂಬ ಸಾಹಿತ್ಯೋತ್ಸವ ನಡೆಯಿತು. ಹುಡುಗಿ ಮೂರು ದಿನವೂ ಹೋದಳು. ಅರಬ್ಬಿ ಕವಿತೆ ಓದುವುದನ್ನು ಕೇಳಿ ಬಂದು, “ಅಮ್ಮಮ್ಮಾ, ಒಂದು ಪದವೂ ತಿಳಿಯಲಿಲ್ಲ, ಆದರೆ ನೀವು ಭಾರತ ವಾಚನ ಮಾಡಿದ ಹಾಗೆಯೇ ಇತ್ತು” ಎಂದು ಅಜ್ಜಿಗೆ ಫೋನಿನಲ್ಲಿ ಹೇಳಿದ್ದಳು. ದೊಡ್ಡಮ್ಮ ಗಮಕ ಕಲಿತವರು. ಅವರಿಗೆ ಬಹಳ ಸಂತೋಷವಾಗಿತ್ತು.

ನಾನು ಉತ್ಸವಕ್ಕೆ ಹೋಗಿರಲಿಲ್ಲ. ಡಿಸೆಂಬರ್ 9ರಂದು ವಿಶ್ವವಿದ್ಯಾಲಯದ ಅಧ್ಯಕ್ಷೆ ಲಿಜ್ ಮೆಗಿಲ್ ರಾಜೀನಾಮೆ ಕೊಟ್ಟಾಗ, ನಡೆದದ್ದನ್ನೆಲ್ಲ ಸೇರಿಸಿ ಬರೆಯಿರಿ ಎಂದು ಪುರವಣಿಯ ಸಂಪಾದಕರು ಕೇಳಿದರು. ಎರಡು ದಿನದಲ್ಲಿ ಬರೆದು ಕಳುಹಿಸಿದೆ. ಅದರ ಮೊದಲ ವಾಕ್ಯ ನನಗೆ ಇಂದಿಗೂ ಬಾಯಿಪಾಠವಾಗಿದೆ: “ಅಕ್ಟೋಬರ್ 7ರ ಹಮಾಸ್ ದಾಳಿಯ ಹಿನ್ನೆಲೆಯಲ್ಲಿ ವಿವಾದಕ್ಕೆ ಸಿಲುಕಿದ ಪ್ಯಾಲೆಸ್ಟೀನ್ ಸಾಹಿತ್ಯೋತ್ಸವವು ಕೊನೆಗೂ ವಿಶ್ವವಿದ್ಯಾಲಯದ ಅಧ್ಯಕ್ಷೆಯ ತಲೆದಂಡ ಪಡೆದಿದೆ.”

ಈ ವಾಕ್ಯವನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ತಾಳ್ಮೆಯಿಂದ ಓದಿ. ‘ಹಿನ್ನೆಲೆಯಲ್ಲಿ’ ಎಂಬುದು ನಮ್ಮ ಪತ್ರಿಕೆಗಳ ಅಭ್ಯಾಸದ ಪದ. ಮಳೆಯ ಹಿನ್ನೆಲೆಯಲ್ಲಿ ಶಾಲೆಗೆ ರಜೆ, ಬಂದ್ ಹಿನ್ನೆಲೆಯಲ್ಲಿ ಬಸ್ ಸಂಚಾರ ಸ್ಥಗಿತ. ಆ ಪದ ಒಮ್ಮೆ ಕಾರಣವನ್ನು ಹೇಳುತ್ತದೆ, ಒಮ್ಮೆ ಸಂದರ್ಭವನ್ನು ಮಾತ್ರ. ಯಾವುದೆಂದು ಬರೆದವರು ಹೇಳುವುದಿಲ್ಲ. ಆದರೆ ಮಳೆ ಮೊದಲು, ರಜೆ ಆಮೇಲೆ ಎಂಬ ಕ್ರಮ ಓದುಗರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನನ್ನ ವಾಕ್ಯವನ್ನು ಅದೇ ಕ್ರಮದಲ್ಲಿ ಓದಿ ನೋಡಿ: ದಾಳಿ ಮೊದಲು, ಉತ್ಸವ ಆಮೇಲೆ. ನಿಜವಾಗಿ ಉತ್ಸವ ಮುಗಿದು ಸುಮಾರು ಎರಡು ವಾರವಾದ ಮೇಲೆ ಇಸ್ರೇಲಿನ ಮೇಲೆ ದಾಳಿ ನಡೆಯಿತು. ಉತ್ಸವದ ತಾರೀಖು ನನ್ನ ಲೇಖನದಲ್ಲಿ ಇತ್ತು, ಆರನೆಯ ಪ್ಯಾರಾದಲ್ಲಿ. ಅಲ್ಲಿಯವರೆಗೆ ಓದುವವರು ಮೊದಲ ವಾಕ್ಯದಲ್ಲೇ ಚಿತ್ರ ಕಟ್ಟಿಕೊಂಡಿರುತ್ತಾರೆ. ಜೊತೆಗೆ ‘ಉತ್ಸವ’ ಎಂಬ ಪದವೂ ಇದೆ. ಪುಸ್ತಕ ಗೋಷ್ಠಿಗಳ ಸಭೆಗೆ ನಾವು ಅದನ್ನು ಸಲೀಸಾಗಿ ಬಳಸುತ್ತೇವೆ. ಸಾಗರದಲ್ಲಿ ಕುಳಿತ ಎಂಬತ್ತು ದಾಟಿದ ಹೆಂಗಸಿಗೆ ಉತ್ಸವವೆಂದರೆ ಪಲ್ಲಕ್ಕಿ, ವಾದ್ಯ, ಊಟ. ಸುಮಾರು 1,200 ಜನರನ್ನು ಕೊಂದ ದಾಳಿ, ಅದರ ಹಿನ್ನೆಲೆಯಲ್ಲಿ ಉತ್ಸವ. ದೊಡ್ಡಮ್ಮ ಇನ್ನೇನೆಂದು ಓದಿಕೊಳ್ಳಬೇಕಿತ್ತು?

ಅವರು ಮೊಮ್ಮಗಳಿಗೆ ಫೋನ್ ಮಾಡಿ, “ಅಷ್ಟು ಜನ ಸತ್ತದ್ದಕ್ಕೆ ಹಬ್ಬ ಮಾಡಿದವರ ನಡುವೆ ನೀನು ಕುಳಿತಿದ್ದೆಯಾ?” ಎಂದು ಕೇಳಿದರು. ಹುಡುಗಿ ತಿಳಿಸಿ ಹೇಳಲು ನೋಡಿದಳು. “ನಿನ್ನ ಚಿಕ್ಕಮ್ಮ ಸುಳ್ಳು ಬರೆಯುತ್ತಾಳೆಯೇ” ಎಂದು ದೊಡ್ಡಮ್ಮ ಫೋನ್ ಇಟ್ಟರು. ಆ ರಾತ್ರಿ ಅವಳು ನನಗೆ ಒಂದೇ ಸಾಲು ಕಳುಹಿಸಿದ್ದಳು: “ಚಿಕ್ಕಮ್ಮಾ, ನೀವು ನನ್ನನ್ನು ಒಂದು ಮಾತು ಕೇಳಬಹುದಿತ್ತು.” ಪ್ರತಿ ಭಾನುವಾರ ಊಟಕ್ಕೆ ಬರುತ್ತಿದ್ದವಳು ಬರುವುದನ್ನು ನಿಲ್ಲಿಸಿದಳು. ಪತ್ರಿಕೆ ಮುಂದಿನ ವಾರ ಬೇರೆ ಪುಟದಲ್ಲಿ ಎರಡು ಸಾಲಿನ ಸ್ಪಷ್ಟನೆ ಹಾಕಿತು. ದೊಡ್ಡಮ್ಮನಿಗೆ ಅದನ್ನು ನಾನೇ ಫೋನಿನಲ್ಲಿ ಓದಿದೆ. “ಮೊದಲು ಬಂದದ್ದೂ ನೀನೇ ಬರೆದದ್ದಲ್ಲವೇ?” ಎಂದರು. ಅವರಿಬ್ಬರ ನಡುವೆ ಮತ್ತೆ ಮಾತು ಶುರುವಾದದ್ದು ಯುಗಾದಿಗೆ. ಆ ವೇಳೆಗೆ ನಾನು ಅಂಕಣ ಬಿಟ್ಟಿದ್ದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಇಲ್ಲಿ ಇರುವುದು ಎರಡು ಕಡೆಗಳಲ್ಲ. ಕಾದಂಬರಿಕಾರ್ತಿ ಸುಸಾನ್ ಅಬುಲ್‌ಹವಾ ಮುನ್ನಡೆಸಿದ ಸಂಘಟಕರಿದ್ದರು, ವಿಶ್ವವಿದ್ಯಾಲಯದ ಆಡಳಿತವಿತ್ತು, ದಾನಿಗಳಿದ್ದರು, ಅಧ್ಯಾಪಕರಿದ್ದರು. ಯೆಹೂದಿ ವಿದ್ಯಾರ್ಥಿಗಳಲ್ಲಿ ಉತ್ಸವವನ್ನು ವಿರೋಧಿಸಿದವರೂ ಇದ್ದರು, ಬೆಂಬಲಿಸಿದವರೂ ಇದ್ದರು. ಇವರನ್ನೆಲ್ಲ ‘ಆ ಕಡೆ’ ಮತ್ತು ‘ಈ ಕಡೆ’ ಎಂದು ಎರಡು ಬುಟ್ಟಿಗಳಿಗೆ ಹಾಕಿದ ತಕ್ಷಣ ನೀವು ಪಕ್ಷ ವಹಿಸಿದಂತೆಯೇ.

ಆರೋಪ ಬರೆಯುವಾಗ ಯಾರು, ಯಾರ ಮೇಲೆ, ಯಾವಾಗ ಮಾಡಿದರು ಎಂದು ಬರೆಯಿರಿ. ‘ಆರೋಪ ಕೇಳಿಬಂದಿದೆ’ ಎಂದು ಬರೆಯಲೇಬೇಡಿ. ಸೆಪ್ಟೆಂಬರ್ 12ರಂದು ವಿಶ್ವವಿದ್ಯಾಲಯ ಕೊಟ್ಟ ಹೇಳಿಕೆ, ನೂರಕ್ಕೂ ಹೆಚ್ಚು ಭಾಷಣಕಾರರಲ್ಲಿ ಕೆಲವರಿಗೆ ಯೆಹೂದಿ ದ್ವೇಷದ ಇತಿಹಾಸವಿದೆ ಎಂದಿತ್ತು. ಅದೇ ಹೇಳಿಕೆ ವಿಚಾರಗಳ ಮುಕ್ತ ವಿನಿಮಯವನ್ನು ಬೆಂಬಲಿಸುತ್ತೇವೆ ಎಂದೂ ಹೇಳಿತ್ತು. ನಾನು ‘ಯೆಹೂದಿ ದ್ವೇಷದ ಇತಿಹಾಸವುಳ್ಳ ಭಾಷಣಕಾರರು’ ಎಂದು ಬರೆದೆ. ‘ಕೆಲವರು’ ಬಿಟ್ಟುಹೋಯಿತು. ಕವಿಗಳು, ಅನುವಾದಕರು, ಮಕ್ಕಳ ಪುಸ್ತಕ ಬರೆದವರು, ಎಲ್ಲರಿಗೂ ಒಂದೇ ಮಸಿ ಬಳಿದಂತಾಯಿತು. ಸಂಘಟಕರು ಆ ಆರೋಪವನ್ನು ಒಪ್ಪಲಿಲ್ಲ, ಇಸ್ರೇಲಿನ ಟೀಕೆಯನ್ನು ಯೆಹೂದಿ ದ್ವೇಷದೊಂದಿಗೆ ಬೆರೆಸಲಾಗುತ್ತಿದೆ ಎಂದರು. ಅದನ್ನೂ ಅವರ ಹೆಸರಿನಲ್ಲಿಯೇ ಬರೆಯಿರಿ.

ಟೀಕಾಕಾರರು ಹೆಸರಿಸಿದವರನ್ನು ನೀವೂ ಹೆಸರಿಸಿ. ಸಂಗೀತಗಾರ ರೋಜರ್ ವಾಟರ್ಸ್ 2023ರ ಮೇ ತಿಂಗಳಲ್ಲಿ ಬರ್ಲಿನ್ ವೇದಿಕೆಯ ಮೇಲೆ ನಾಜಿ ಸಮವಸ್ತ್ರವನ್ನು ಹೋಲುವ ಉಡುಪು ತೊಟ್ಟಿದ್ದರು. ಅದು ಫ್ಯಾಸಿಸಂ ವಿರೋಧಿ ಪ್ರದರ್ಶನ ಎಂದು ಅವರು ಹೇಳಿದರು. ಉತ್ಸವದಲ್ಲಿ ಅವರು ಮಾತನಾಡಿದ್ದು ವಿಡಿಯೊ ಮೂಲಕ. ಹೀಗೆ ಬರೆದರೆ ಓದುಗರು ತಾವೇ ಅಳೆದು ನೋಡುತ್ತಾರೆ.

ಯೆಹೂದಿ ವಿದ್ಯಾರ್ಥಿಗಳ ಆತಂಕವನ್ನು ಒಂದು ಸಾಲಿನಲ್ಲಿ ಮುಗಿಸಬೇಡಿ. ಉತ್ಸವದ ಹಿಂದಿನ ದಿನ ಬೆಳಿಗ್ಗೆ ಒಬ್ಬಾತ ಅವರ ಕೇಂದ್ರವಾದ ಹಿಲ್ಲೆಲ್‌ಗೆ ನುಗ್ಗಿ, ಯೆಹೂದಿಗಳನ್ನು ನಿಂದಿಸುತ್ತ ಪೀಠೋಪಕರಣಗಳನ್ನು ಕೆಡವಿದ. ಉತ್ಸವದ ಕೊನೆಯ ದಿನದ ಸಂಜೆಯೇ ಅವರ ಪವಿತ್ರ ದಿನವಾದ ಯೋಮ್ ಕಿಪ್ಪುರ್ ಆರಂಭವಾಗುವುದಿತ್ತು. ಉತ್ಸವದವರೇ ಆ ದಾಂಧಲೆ ಮಾಡಿಸಿದರು ಎಂಬಂತೆ ಪಕ್ಕಪಕ್ಕದಲ್ಲಿಟ್ಟು ಬರೆಯುವುದು ಮಾತ್ರ ನನ್ನ ‘ಹಿನ್ನೆಲೆಯಲ್ಲಿ’ಯಷ್ಟೇ ಕೆಟ್ಟ ಕೆಲಸ.

‘ತಲೆದಂಡ’ ಎಂಬ ಪದವೂ ತಪ್ಪು. ದಾನಿಗಳ ಸಿಟ್ಟು ಉತ್ಸವದಿಂದಲೇ ಶುರುವಾಯಿತು, ನಿಜ. ದಾಳಿಯ ಬಳಿಕ ಮಾರ್ಕ್ ರೋವನ್ ಎಂಬ ದಾನಿ, ಅಧ್ಯಕ್ಷೆ ಇಳಿಯುವವರೆಗೆ 1 ಡಾಲರ್ ಮಾತ್ರ ಕಳುಹಿಸಿ ಎಂದು ಇತರರಿಗೆ ಕರೆ ಕೊಟ್ಟರು. ಆದರೆ ಮೆಗಿಲ್ ಇಳಿದದ್ದು ಡಿಸೆಂಬರ್ 5ರ ಅಮೆರಿಕದ ಸಂಸತ್ ವಿಚಾರಣೆಯ ನಂತರ. ಯೆಹೂದಿಗಳ ನರಮೇಧಕ್ಕೆ ಕರೆ ಕೊಡುವುದು ನಿಮ್ಮ ನಿಯಮದ ಉಲ್ಲಂಘನೆಯೇ ಎಂಬ ಪ್ರಶ್ನೆಗೆ ಅವರು, ಅದು ಸಂದರ್ಭವನ್ನು ಅವಲಂಬಿಸುತ್ತದೆ ಎಂಬ ಅರ್ಥದ ಉತ್ತರ ಕೊಟ್ಟಿದ್ದರು.

ಇನ್ನೊಂದು ಮಾತು. ಹುಡುಕುವಾಗ ‘ಪಾಲ್‌ಫೆಸ್ಟ್’ ಎಂಬ ಹೆಸರೂ ನಿಮಗೆ ಸಿಗುತ್ತದೆ. ಅದು ಬೇರೆ. ಈಜಿಪ್ಟಿನ ಕಾದಂಬರಿಕಾರ್ತಿ ಅಹ್ದಾಫ್ ಸೌಯಿಫ್ 2008ರಲ್ಲಿ ಆರಂಭಿಸಿದ ಆ ಉತ್ಸವ ಪ್ಯಾಲೆಸ್ಟೀನಿನ ಊರಿಂದ ಊರಿಗೆ ಸಾಗುತ್ತದೆ. 2009ರಲ್ಲಿ ಅದರ ಉದ್ಘಾಟನೆಯನ್ನು ಇಸ್ರೇಲಿ ಪೊಲೀಸರು ಜೆರುಸಲೇಮಿನ ರಂಗಮಂದಿರದಲ್ಲಿ ತಡೆದಾಗ, ಸಭೆ ಫ್ರೆಂಚ್ ಸಾಂಸ್ಕೃತಿಕ ಕೇಂದ್ರಕ್ಕೆ ಹೋಯಿತು. ಎರಡನ್ನೂ ಬೆರೆಸಬೇಡಿ.

ಮೊದಲ ವಾಕ್ಯದಲ್ಲಿ ‘ವಿವಾದಾತ್ಮಕ’ ಎಂಬ ಪದ ಬೇಡ. ಉತ್ಸವ ಏನೆಂದು ಮೊದಲು ಹೇಳಿ. ಅಲ್ಲಿಗೆ ಹೋಗಿದ್ದ ಒಬ್ಬರನ್ನಾದರೂ, ಹೋಗಲು ಮನಸ್ಸಾಗದಿದ್ದ ಒಬ್ಬರನ್ನಾದರೂ ಮಾತನಾಡಿಸಿ. ನನ್ನ ಊಟದ ಮೇಜಿನಲ್ಲೇ ಕೂರುತ್ತಿದ್ದವಳನ್ನು ನಾನು ಕೇಳಿರಲಿಲ್ಲ.

ನಿಮ್ಮ ಪ್ರಶ್ನೆ ನೋಡಿದ ಮೇಲೆ, ಈಗ ಬರೆಯುವುದಾದರೆ ಹೇಗೆ ಆರಂಭಿಸುತ್ತಿದ್ದೆ ಎಂದು ಬರೆದು ನೋಡಿದೆ: “ಪ್ಯಾಲೆಸ್ಟೀನ್ ಲೇಖಕರನ್ನು ಕುರಿತ ‘ಪ್ಯಾಲೆಸ್ಟೀನ್ ರೈಟ್ಸ್’ ಉತ್ಸವ 2020ರಲ್ಲಿ ಮೊದಲ ಬಾರಿಗೆ ಆನ್‌ಲೈನ್‌ನಲ್ಲಿ, 2023ರ ಸೆಪ್ಟೆಂಬರ್ 22ರಿಂದ 24ರವರೆಗೆ ಫಿಲಡೆಲ್ಫಿಯಾದಲ್ಲಿ ನಡೆಯಿತು.” ಈ ವಾಕ್ಯವನ್ನು ಅಕ್ಕನ ಮಗಳಿಗೆ ಕಳುಹಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂತು: “ತಾರೀಖು ಸರಿಯಿದೆ, ಚಿಕ್ಕಮ್ಮಾ. ಕವಿತೆ ಓದಿದರು ಎಂದೂ ಸೇರಿಸಲು ಹೇಳಿ.”