ಎತ್ತರ ಎಷ್ಟು ಇಂಚೋ, ರ‍್ಯಾಂಪ್ ಅಷ್ಟು ಅಡಿ

ಓದುಗರ ಪತ್ರ: "ಚನ್ನಮ್ಮ ಸರ್ಕಲ್‌ನಿಂದ ಖಡೇಬಜಾರಿನವರೆಗೆ ವ್ಹೀಲ್‌ಚೇರ್ ಹೋಗುತ್ತದೋ ಇಲ್ಲವೋ ಅಂತ ಒಂದಷ್ಟು ಹುಡುಗರು ಟೇಪು ಹಿಡಿದು ಫುಟ್‌ಪಾತ್ ಅಳೆದ ಸುದ್ದಿಗೆ ಕಳೆದ ಸಂಚಿಕೆಯಲ್ಲಿ ಎರಡು ಪುಟ ಕೊಟ್ಟಿದ್ದೀರಿ. ನಾನು ನಿವೃತ್ತ ಎಂಜಿನಿಯರ್. ಇದೆಲ್ಲ ಪ್ರಚಾರದ ಕೆಲಸ. ನಮ್ಮದು ಹಳೇ ಊರು, ಗಲ್ಲಿ ಇಕ್ಕಟ್ಟು, ಮಳೆ ಜಾಸ್ತಿ. ಪಾವಟಿಗೆ (ಮೆಟ್ಟಿಲು) ಎತ್ತರ ಇರದಿದ್ದರೆ ಅಂಗಡಿಯೊಳಗೆ ನೀರು ಬರುತ್ತದೆ. 30 ವರ್ಷದಿಂದ ಖಡೇಬಜಾರಿಗೆ ಹೋಗುತ್ತಿದ್ದೇನೆ, ಒಂದೂ ವ್ಹೀಲ್‌ಚೇರ್ ಕಂಡಿಲ್ಲ. ಯಾರಾದರೂ ಬಂದರೆ ನಾಲ್ಕು ಜನ ಸೇರಿ ಎತ್ತಿ ಒಳಗೆ ಕೂರಿಸುವ ಸಂಸ್ಕೃತಿ ನಮ್ಮದು. ಬಾರದವರಿಗಾಗಿ ಪೇಟೆ ಒಡೆಯಬೇಕೆ?" (ಟಿಳಕವಾಡಿಯ ಹಿರಿಯ ಓದುಗರು, ಬೆಳಗಾವಿ)

ಸಂಪಾದಕರ ಉತ್ತರ:

ಸಾಹೇಬ್ರೇ, ಪತ್ರಕ್ಕೆ ಧನ್ಯವಾದ. ಇನ್‌ಲ್ಯಾಂಡ್ ಲೆಟರಿನ ಮಡಿಕೆವರೆಗೂ ಕೈಬರಹ ತುಂಬಿಸಿ ಬೈಯುವ ಓದುಗರು ಈಗ ಎಷ್ಟು ಜನ ಉಳಿದಿದ್ದಾರೆ? ಎರಡು ಸಲ ಓದಿದೆ. ಒಮ್ಮೆ ಸಿಟ್ಟಿನಲ್ಲಿ, ಇನ್ನೊಮ್ಮೆ ಅಕ್ಷರ ಚೆಂದ ಇದೆ ಅಂತ.

ಒಪ್ಪುವುದನ್ನು ಮೊದಲು ಒಪ್ಪಿಬಿಡುತ್ತೇನೆ. ಬೆಳಗಾವಿಯ ಮಳೆ ಬೆಳಗಾವಿಯಲ್ಲಿ ಇದ್ದವರಿಗೇ ಗೊತ್ತು. ಜುಲೈ ಬಂತೆಂದರೆ ಗಟಾರ ಯಾವುದು ರಸ್ತೆ ಯಾವುದು ತಿಳಿಯುವುದಿಲ್ಲ. ಅಂಗಡಿಯವರು ಕಟ್ಟೆ ಎತ್ತರ ಮಾಡಿಕೊಂಡದ್ದು ಶೋಕಿಗಲ್ಲ. ಗಲ್ಲಿ ಇಕ್ಕಟ್ಟು ಅನ್ನುವುದೂ ನಿಜ. ಎಲ್ಲ ಕಡೆ ಎಲ್ಲವೂ ಆಗುವುದಿಲ್ಲ ಬಿಡಿ. ವಿಜಯಪುರದ ಗೋಳಗುಮ್ಮಟ 1656ರ ಹೊತ್ತಿನದು, ಅದರ ಮೂಲೆಗೋಪುರದ ಏಳು ಅಂತಸ್ತಿನ ಸುತ್ತು ಮೆಟ್ಟಿಲ ಪಕ್ಕ ರ‍್ಯಾಂಪ್ ಹಾಕಿ, ನಾವೂ ಮೇಲೆ ಹೋಗಿ ಪಿಸುಗುಟ್ಟಬೇಕು ಅಂತ ಯಾರೂ ಹಟ ಹಿಡಿದಿಲ್ಲ. ಇಷ್ಟು ನಿಮ್ಮ ಪಾಲಿಗೆ. ಇನ್ನು ಮುಂದಿನದು ಜಗಳ.

30 ವರ್ಷದಲ್ಲಿ ಒಂದೂ ವ್ಹೀಲ್‌ಚೇರ್ ಕಂಡಿಲ್ಲ ಅಂತೀರಿ. ನಮ್ಮ ಅವ್ವನನ್ನೂ ನೀವು ಅಲ್ಲಿ ಕಂಡಿರಲಿಕ್ಕಿಲ್ಲ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಳ್ಳುವ ತನಕ ಅವಳಿಗೆ ಶನಿವಾರದ ಪೇಟೆ ತಪ್ಪುತ್ತಿರಲಿಲ್ಲ. ಗಣಪತ ಗಲ್ಲಿಯಲ್ಲಿ ಕಾಯಿಪಲ್ಲೆ, ಅಲ್ಲಿಂದ ಖಡೇಬಜಾರು, ಕೊಳ್ಳುವುದು ಒಂದು ರವಿಕೆ ಕಣ, ನೋಡುವುದು ನಲವತ್ತು. ಬಿದ್ದ ಮೇಲೆ ಆರು ವರ್ಷ ಬದುಕಿದಳು. ಆ ಆರು ವರ್ಷ ಅವಳಿಗೆ ಏನೂ ಕಡಿಮೆ ಮಾಡಲಿಲ್ಲ ಅಂತ ನಾನು ಜಂಬದಿಂದ ಇದ್ದೆ. ದೀಪಾವಳಿಗೆ ಅಂಗಡಿಯ ಹುಡುಗ ಸೀರೆಯ ಗಂಟು ಹೊತ್ತು ಮನೆಗೇ ಬರುತ್ತಿದ್ದ, ಪಡಸಾಲೆಯಲ್ಲಿ ಹರವುತ್ತಿದ್ದ. ಒಂದು ವರ್ಷ ಅವ್ವ ಗಂಟನ್ನು ಬಿಚ್ಚಿಸಲೇ ಇಲ್ಲ. "ಸೀರಿ ಮನೀಗೆ ಬಂತು, ಬಜಾರ ಬರಲಿಲ್ಲೋ ತಮ್ಮಾ" ಅಂದಳು. ಹುಡುಗ ಗಂಟು ಹೊತ್ತು ವಾಪಸು ಹೋದ. ನನಗೆ ಆಗ ಅದು ಮುದುಕಿಯ ಹಟ ಅನಿಸಿತ್ತು.

2011ರ ಜನಗಣತಿಯಲ್ಲಿ ಕರ್ನಾಟಕದಲ್ಲೇ 13 ಲಕ್ಷ 24 ಸಾವಿರ ಅಂಗವಿಕಲರು ಸಿಕ್ಕಿದ್ದರು, ದೇಶದಲ್ಲಿ 2.68 ಕೋಟಿ. ಅವ್ವನಂಥವರು ಆ ಲೆಕ್ಕದಲ್ಲಿ ಬಂದಿರಲಿಕ್ಕೂ ಇಲ್ಲ. ನಿಮಗೆ ಪೇಟೆಯಲ್ಲಿ ಇಷ್ಟು ಜನರಲ್ಲಿ ಒಬ್ಬರೂ ಕಾಣಲಿಲ್ಲ ಅಂದರೆ ಅವರು ಇಲ್ಲ ಅಂತಲೋ, ಬರಲಿಕ್ಕೆ ಆಗಲಿಲ್ಲ ಅಂತಲೋ? ಸೇತುವೆ ಇಲ್ಲದ ಹಳ್ಳದ ದಂಡೆಯಲ್ಲಿ ನಿಂತು, ಇದನ್ನು ಯಾರೂ ದಾಟುವುದೇ ಇಲ್ಲ, ಸೇತುವೆ ಯಾಕೆ ಅಂತ ನೀವು ನೌಕರಿಯಲ್ಲಿದ್ದಾಗ ಎಂದಾದರೂ ಫೈಲಿನಲ್ಲಿ ಬರೆದಿದ್ದಿರಾ?

ಹುಡುಗರು ಫುಟ್‌ಪಾತ್ ಅಳೆದ ಆ ಭಾನುವಾರ ನಾನೂ ಅವರ ಜೊತೆ ಇದ್ದೆ. ವರದಿಯಲ್ಲಿ ನನ್ನ ಹೆಸರು ಹಾಕಿರಲಿಲ್ಲ, ಈಗ ಹೇಳುತ್ತಿದ್ದೇನೆ. ಎಲ್ಲ ಸೇರಿ 14 ಜನ. ಇಬ್ಬರು ವ್ಹೀಲ್‌ಚೇರಿನಲ್ಲಿ, ಒಬ್ಬರು ಕಾಲಿಗೆ ಆಸರೆಯ ಕ್ಯಾಲಿಪರ್ ಕಟ್ಟಿಕೊಂಡವರು, ಬಿಳಿ ಕೋಲು ಹಿಡಿದ ಒಬ್ಬ ಹುಡುಗಿ, ಉಳಿದವರು ಕಾಲೇಜಿನ ಹುಡುಗರು. ಒಬ್ಬನ ಮಾವ ಗೌಂಡಿ, ಆ ಮಾವನ ಟೇಪು. ನಾನು ಅಂಗಡಿಗಳ ಲೆಕ್ಕ ಬರೆದುಕೊಡುವ ಒಬ್ಬರ ಕುರ್ಚಿ ನೂಕಿದೆ. 40 ವರ್ಷ ಈ ಊರಿನಲ್ಲಿ ನಡೆದಿದ್ದೇನೆ ಸಾಹೇಬ್ರೇ, ಊರು ಗೊತ್ತಾದದ್ದು ಆವತ್ತು, ಅಂಗೈಯಿಂದ. ಮುಂದಿನ ಸಣ್ಣ ಗಾಲಿ ಪೇವರ್ಸ್ ಸಂದಿಗೆ ಸಿಕ್ಕಿತೆಂದರೆ ಕುರ್ಚಿ ನಿಂತೇಬಿಡುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಗಟಾರದ ಚೇಂಬರಿನ ಮುಚ್ಚಳ ಎರಡು ಇಂಚು ಮೇಲೆದ್ದಿದ್ದರೆ ಅದೇ ಒಂದು ಗುಡ್ಡ. ಫುಟ್‌ಪಾತಿನ ಎತ್ತರ 150 ಮಿಲಿಮೀಟರ್ ದಾಟಬಾರದು, ಅಂದರೆ ಆರು ಇಂಚು. ಇದು ನಿಮ್ಮ ಎಂಜಿನಿಯರರದ್ದೇ ನಿಯಮ, ರಸ್ತೆ ಕೋಡಿನಲ್ಲಿದೆ. ಒಂದು ಕಡೆ 11 ಇಂಚು ಬಂತು. ಇನ್ನೊಂದು ಕಡೆ ಟೇಪು ಇಡಲು ಜಾಗವೇ ಇರಲಿಲ್ಲ, ಬೈಕು ನಿಂತಿದ್ದವು.

ಹಳದಿ ಟೈಲ್ಸ್ ಕಥೆ ಕೇಳಿ. ಫುಟ್‌ಪಾತಿನ ನಡುವೆ ಉಬ್ಬು ಇರುವ ಹಳದಿ ಟೈಲ್ಸ್ ಹಾಕಿರುತ್ತಾರಲ್ವಾ, ಅದು ಅಂದಕ್ಕಲ್ಲ. 1967ರ ಮಾರ್ಚ್‌ನಲ್ಲಿ ಜಪಾನಿನ ಒಕಾಯಾಮದಲ್ಲಿ ಅಂಧರ ಶಾಲೆಯ ಹತ್ತಿರ ಸೇಯಿಚಿ ಮಿಯಾಕೆ ಅನ್ನುವವರು ಮೊದಲ ಸಲ ಹಾಕಿಸಿದ್ದು. ಉದ್ದ ಗೆರೆ ಇದ್ದರೆ "ನಡಿ", ಗುಂಡು ಬೊಟ್ಟು ಇದ್ದರೆ "ನಿಲ್ಲು, ಮುಂದೆ ಏನೋ ಇದೆ". ಕೋಲಿಗೂ ಅಂಗಾಲಿಗೂ ತಿಳಿಯುವ ಭಾಷೆ. ನಾವು ನಡೆದ ಒಂದು ತುಂಡಿನಲ್ಲಿ ಕಂತ್ರಾಟುದಾರ ಪೂರ್ತಿ ಬೊಟ್ಟಿನ ಟೈಲ್ಸೇ ಹಾಕಿದ್ದ. ಕೋಲಿನ ಹುಡುಗಿ ನಾಲ್ಕು ಹೆಜ್ಜೆ ಹೋಗಿ ನಕ್ಕುಬಿಟ್ಟಳು. "ಸರ್, ಇಲ್ಲಿ ಹೆಜ್ಜಿಗೊಮ್ಮೆ ನಿಲ್ಲು ನಿಲ್ಲು ಅನ್ನಾಕತ್ತೈತ್ರಿ, ನಾ ಮನೀಗೆ ಯಾವಾಗ ಹೋಗ್ಲಿ?" ಅಂದಳು. ಆ ಸಾಲು ಎಲ್ಲಿ ಮುಗಿಯಿತು ಅಂದರೆ ಸೀದಾ ಲೈಟಿನ ಕಂಬದ ಬುಡದಲ್ಲಿ. ಅಲ್ಲಿ ಮಾತ್ರ ಬೊಟ್ಟು ಸರಿಯಾಗಿತ್ತು.

ಮುಂದೆ ಒಂದು ಎಟಿಎಂ. ರ‍್ಯಾಂಪ್ ಇದೆ! ಹುಡುಗರು ಚಪ್ಪಾಳೆ ಹೊಡೆದರು. ಇದರ ಲೆಕ್ಕ ನಿಮಗೆ ನಾನು ಹೇಳಬೇಕಿಲ್ಲ, ಆದರೂ ಉಳಿದ ಓದುಗರಿಗಾಗಿ ಹೇಳುತ್ತೇನೆ. ಒಂದು ಅಡಿ ಏರಲು 12 ಅಡಿ ಉದ್ದ ಬೇಕು. ಎತ್ತರ ಎಷ್ಟು ಇಂಚೋ ರ‍್ಯಾಂಪ್ ಅಷ್ಟು ಅಡಿ, ಇಷ್ಟೇ. ಅಲ್ಲಿ ಎತ್ತರ 18 ಇಂಚು. ರ‍್ಯಾಂಪ್ 18 ಅಡಿ ಇರಬೇಕಿತ್ತು, ಇದ್ದದ್ದು ಐದೂವರೆ. ನಾನು ಮತ್ತು ಇಬ್ಬರು ಹುಡುಗರು ಸೇರಿ ನೂಕಿದರೂ ಲೆಕ್ಕದವರು ಹಿಂದಕ್ಕೆ ವಾಲಿದರು. ಒಬ್ಬರೇ ಬಂದಿದ್ದರೆ? ಹೇಗೋ ಮೇಲೆ ಹತ್ತಿದೆವು. ಬಾಗಿಲ ಮುಂದೆ ಮತ್ತೆ ನಾಲ್ಕು ಇಂಚಿನ ಹೊಸ್ತಿಲು! ಗಾರ್ಡು ಪಾಪ ಒಳ್ಳೆಯವನು. "ಕಾರ್ಡು ಕೊಡ್ರಿ, ನಾ ತೆಗದ ಕೊಡ್ತೀನಿ" ಅಂದ. ಪಿನ್ ನಂಬರನ್ನೂ ಅವನಿಗೇ ಹೇಳಬೇಕು ಅಲ್ವಾ?

ಈಗ ನಿಮ್ಮ "ಎತ್ತಿ ಕೂರಿಸುವ ಸಂಸ್ಕೃತಿ"ಗೆ ಬರುತ್ತೇನೆ. ನನಗೆ ಜಾಸ್ತಿ ನೋವಾದದ್ದು ಈ ಮಾತಿಗೆ, ಯಾಕೆಂದರೆ ಅದನ್ನು ನೀವು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀರಿ. ಒಂದು ಬಟ್ಟೆ ಅಂಗಡಿಯ ಮುಂದೆ ನಿಂತೆವು. ಮೂರು ಪಾವಟಿಗೆ. ಒಳಗೆ ಗಲ್ಲೆಯ ಮೇಲೆ ಗದುಗಿನ ಪುಟ್ಟರಾಜ ಗವಾಯಿ ಅಜ್ಜನವರ ಫೋಟೋ, ತಾಜಾ ಮಾಲೆ. ನಮ್ಮ ಕಡೆ ಈ ಫೋಟೋ ಇಲ್ಲದ ಪೇಟೆ ಇಲ್ಲ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯರಾಗಿ ಕಣ್ಣಿಲ್ಲದ ಪುಟ್ಟರಾಜರು, ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರು ಸಾಕಿ ಹಾಡು ಕಲಿಸಿದ ಅಂಧ ಮಕ್ಕಳು, 2010ರಲ್ಲಿ ಅಜ್ಜನವರಿಗೆ ಪದ್ಮಭೂಷಣ, ಅದೇ ವರ್ಷ ಅವರು ತೀರಿಕೊಂಡಾಗ ಗದಗಿನಲ್ಲಿ ಸೇರಿದ ಜನ. ನಮ್ಮ ಭಕ್ತಿ ಸುಳ್ಳಲ್ಲ. ಆದರೆ ಅಜ್ಜನವರ ಶಿಷ್ಯನೊಬ್ಬ ಒಬ್ಬನೇ ಕೋಲು ಹಿಡಿದು ಅಜ್ಜನವರ ಫೋಟೋ ಇರುವ ಅಂಗಡಿಗೆ ಬರುತ್ತೇನೆಂದರೆ ದಾರಿ ಇಲ್ಲ.

ಮಾಲೀಕರು ಕುರ್ಚಿ ನೋಡಿದ್ದೇ ತಡ, ಚಪ್ಪಲಿ ಮೆಟ್ಟದೆ ಕೆಳಗೆ ಓಡಿಬಂದರು. "ಏನ ಬೇಕ್ರಿ ಅಣ್ಣಾರ? ಅಂಗಿ ಬಟ್ಟೀನ? ಇಲ್ಲೇ ತಂದ ಕೊಡ್ತೀನಿ, ಯಾಕ ತ್ರಾಸ ತಗೋತೀರಿ" ಅಂದರು. ನಮ್ಮ ಲೆಕ್ಕದವರು ಒಂದು ಕ್ಷಣ ಸುಮ್ಮನಿದ್ದು ಹೇಳಿದರು: "ನನಗ ಆರಿಸಬೇಕ್ರಿ." ಮಾಲೀಕರಿಗೆ ತಿಳಿಯಲಿಲ್ಲ. ಮೂರು ಥಾನು ತಂದರು, ನೀಲಿ, ಬೂದು, ಬಿಳಿ. ಇವರು ಮೂರನ್ನೂ ಮುಟ್ಟಿ ನೋಡಿ, ಕಟ್ಟೆಯಾಚೆ ಒಳಗಿನ ಗೋಡೆ ತುಂಬ ಇದ್ದ ನೂರಾರು ಥಾನುಗಳ ಕಡೆ ನೋಡುತ್ತ ಕೂತರು. ನನಗೆ ಅವ್ವನ ಬಿಚ್ಚದ ಗಂಟು ನೆನಪಾಯಿತು.

ಅದೇ ಅಂಗಡಿಯ ಶಟರ್ ಹಿಂದೆ ಕಬ್ಬಿಣದ ಒಂದು ಉದ್ದ ಹಲಗೆ ನಿಲ್ಲಿಸಿದ್ದರು. ಏನಕ್ಕೆ ಅಂತ ಕೇಳಿದೆ. ರಾತ್ರಿ ಬಾಗಿಲು ಹಾಕುವಾಗ ಸ್ಕೂಟಿ ಒಳಗೆ ತಗೊಳ್ಳಲಿಕ್ಕಂತೆ. ನಾವಿಬ್ಬರೂ ಆ ಹಲಗೆ ನೋಡಿದೆವು, ಆಮೇಲೆ ಮಾಲೀಕರೂ ನೋಡಿದರು. "ಅಯ್ಯ, ಇದು ತಲೀಗೆ ಹೊಳೀಲೇ ಇಲ್ಲ ನೋಡ್ರಿ" ಅಂದರು. ಅದು ಮೂರು ಪಾವಟಿಗೆಗೆ ಸಾಲುವ ಹಲಗೆಯಲ್ಲ, ಕಡಿದಾಗುತ್ತದೆ. ಆದರೂ ಸ್ಕೂಟಿಗೆ ಹೊಳೆದದ್ದು ಗಿರಾಕಿಗೆ ಹೊಳೆಯದೇ ಇಷ್ಟು ವರ್ಷ ಕಳೆಯಿತಲ್ಲ. ಪೇಟೆ ಒಡೆಯಬೇಕೆ ಅಂತ ಕೇಳಿದಿರಿ. ಒಂದೇ ಪಾವಟಿಗೆ ಇರುವ ಅಂಗಡಿಗೆ ಬೇಕಾದದ್ದು ಇಂಥ ಒಂದು ಹಲಗೆ, ಸ್ವಲ್ಪ ಉದ್ದದ್ದು, ಅಷ್ಟೇ. ಸಾಹೇಬ್ರೇ, ನೀವು ಜೀವನವಿಡೀ ಗಟಾರಕ್ಕೆ ಇಳಿಜಾರು ಲೆಕ್ಕ ಹಾಕಿದವರು. ನೀರು ನಿಲ್ಲಬಾರದು ಅಂತ ಅರ್ಧ ಇಂಚಿಗೂ ಗೌಂಡಿಯನ್ನು ಬೈದಿರುತ್ತೀರಿ. ಆ ಕಾಳಜಿಯಲ್ಲಿ ಒಂದು ಪಾಲು ಗಾಲಿಗೂ ಕೊಡಿ ಅಂದರೆ ಪ್ರಚಾರ ಆಯಿತೇ?

ಪ್ರಚಾರ ಅಂದರೆ ಪ್ರಚಾರವೇ, ತಪ್ಪೇನು? 1990ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತಿನ ಮೆಟ್ಟಿಲ ಮುಂದೆ ಹತ್ತಾರು ಜನ ವ್ಹೀಲ್‌ಚೇರು, ಊರುಗೋಲು ಬಿಟ್ಟು ತೆವಳಿಕೊಂಡೇ ಮೇಲೆ ಹತ್ತಿದರು, ಅದರಲ್ಲಿ ಎಂಟು ವರ್ಷದ ಒಂದು ಹುಡುಗಿಯೂ ಇದ್ದಳು. ಅದೂ ಕ್ಯಾಮೆರಾ ಮುಂದೆಯೇ. ಜುಲೈನಲ್ಲಿ ಅಲ್ಲಿನ ಅಂಗವಿಕಲರ ಹಕ್ಕಿನ ಕಾನೂನಿಗೆ ಸಹಿ ಬಿತ್ತು. ನಮ್ಮ ಹುಡುಗರು ತೆವಳಲಿಲ್ಲ, ಟೇಪು ಹಿಡಿದರು. ಟೇಪಿನ ಒಂದು ಗುಣ ನನಗೆ ಇಷ್ಟ. ಅದು ಅಯ್ಯೋ ಪಾಪ ಅನ್ನುವುದಿಲ್ಲ, 11 ಇಂಚು ಅನ್ನುತ್ತದೆ.

ಕಾನೂನು ನಮ್ಮಲ್ಲೂ ಇದೆ, ಸುಮ್ನೆ ಇದೆ. 1995ರಲ್ಲಿ ಒಂದು, 2016ರಲ್ಲಿ ಇನ್ನೊಂದು. ಎರಡನೆಯದರ ಪ್ರಕಾರ ಇದ್ದ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಬಂದ ಐದು ವರ್ಷದೊಳಗೆ ಸರಿ ಮಾಡಬೇಕಿತ್ತು. ನಿಯಮ ಬಂದದ್ದು 2017ರ ಜೂನ್, ಗಡುವು ಮುಗಿದದ್ದು 2022ರ ಜೂನ್. ಯಾರಿಗಾದರೂ ಆ ತಿಂಗಳು ನೆನಪಿದೆಯೇ? ಹೊಸ ಕಟ್ಟಡವಾದರೆ ಈ ಅಳತೆ ಇಲ್ಲದೆ ಪರವಾನಗಿಯನ್ನೇ ಕೊಡುವಂತಿಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಈ ನಿಯಮಗಳು ಸಲಹೆಯ ಹಾಗಿವೆ, ಕಡ್ಡಾಯ ಆಗುವಂತೆ ಮೂರು ತಿಂಗಳಲ್ಲಿ ಬರೆಯಿರಿ ಅಂತ ಕೇಂದ್ರಕ್ಕೆ ಹೇಳಬೇಕಾಯಿತು.

ನಾವು ಮಾತ್ರ ಹೆಸರು ಬದಲಿಸುವುದರಲ್ಲಿ ಜಾಣರು. ಮೊದಲು ಅಂಗವಿಕಲ. ಆಮೇಲೆ ವಿಕಲಚೇತನ, ಇಲಾಖೆಯ ಬೋರ್ಡೂ ಬದಲಾಯಿತು. ನಂತರ ವಿಶೇಷ ಚೇತನ. 2015ರ ಡಿಸೆಂಬರ್‌ನಿಂದ ದಿವ್ಯಾಂಗ. ಹೆಸರು ದಿವ್ಯಲೋಕಕ್ಕೆ ಏರಿತು, ಫುಟ್‌ಪಾತು 11 ಇಂಚಿನಲ್ಲೇ ಇದೆ. ಡಿಸೆಂಬರ್ 3ಕ್ಕೆ ಅವರ ದಿನಾಚರಣೆ ಮಾಡುತ್ತೇವಲ್ಲ, ಅಂಥದ್ದೊಂದಕ್ಕೆ ನನ್ನನ್ನೂ ಅತಿಥಿಯಾಗಿ ಕರೆದಿದ್ದರು. ವೇದಿಕೆಗೆ ಐದು ಮೆಟ್ಟಿಲು. ಸನ್ಮಾನಿತರನ್ನು ಕೆಳಗೇ ಕೂರಿಸಿ, ನಾವು ಕಾಲಿದ್ದವರು ಮೇಲಿನಿಂದ ಇಳಿದು ಬಂದು ಶಾಲು ಹೊದಿಸಿ, ಫೋಟೋ ಆದ ಮೇಲೆ ಮತ್ತೆ ಮೇಲೆ ಹತ್ತಿದೆವು. ಅವತ್ತು ನನಗೂ ಏನೂ ಅನಿಸಲಿಲ್ಲ ಅನ್ನುವುದನ್ನು ಇಲ್ಲಿ ಬರೆದುಬಿಡುತ್ತೇನೆ.

ಬರೆಯಬೇಕಾದದ್ದು ಇನ್ನೂ ಒಂದಿದೆ. ನಡಿಗೆ ಮುಗಿದ ಮೇಲೆ ಎಲ್ಲರೂ ನಮ್ಮ ಪತ್ರಿಕೆಯ ಕಚೇರಿ ಕೆಳಗಿನ ಚಹಾದಂಗಡಿಯಲ್ಲಿ ಕೂತೆವು. ಲೆಕ್ಕದವರು ಕೇಳಿದರು, "ನಿಮ್ಮ ಆಫೀಸ್ ಎಲ್ಲೈತ್ರಿ?" ನಾನು ಮೇಲೆ ಕೈ ಮಾಡಿದೆ. "ಎಷ್ಟು ಪಾವಟಿಗಿ?" 11 ವರ್ಷದಿಂದ ದಿನಾ ಹತ್ತುತ್ತೇನೆ, ಗೊತ್ತಿಲ್ಲ. ಗೌಂಡಿಯ ಅಳಿಯ ಓಡಿಹೋಗಿ ಎಣಿಸಿ, ಅಳೆದು ಬಂದ. 19, ಒಂದೊಂದು 7 ಇಂಚು. ಲೆಕ್ಕದವರಿಗೆ ಬಾಯಿಲೆಕ್ಕ ಸಲೀಸು. "133 ಅಡಿ ರ‍್ಯಾಂಪ್ ಬೇಕಾಗ್ತದ್ರಿ, ನಿಮ್ಮ ಓಣಿ ದಾಟಿ ಹೋಗ್ತದ" ಅಂತ ನಕ್ಕರು. ನಮ್ಮ ಲೇಖಕರೊಬ್ಬರು ಪೋಲಿಯೋ ಆದವರು, ಏಳು ವರ್ಷದಿಂದ ತಮ್ಮ ಬರಹವನ್ನು ಕೆಳಗಿನ ಸ್ಟೇಷನರಿ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾರೆ. ಅವರು ಸಂಕೋಚದ ಮನುಷ್ಯ ಅಂತ ನಾನು ತಿಳಿದಿದ್ದೆ.

ನಮ್ಮ ಕಟ್ಟಡದ ಮಾಲೀಕರ ಜೊತೆ ಮಾತಾಡಿದ್ದೇವೆ. ಬರುವ ತಿಂಗಳಿಂದ ಸ್ಟೇಷನರಿ ಅಂಗಡಿಯ ಪಕ್ಕದ ಖಾಲಿ ಮಳಿಗೆಯಲ್ಲಿ ಒಂದು ಟೇಬಲ್ಲು, ನಾಲ್ಕು ಕುರ್ಚಿ ಹಾಕಿ, ಸಂಜೆ 4ರಿಂದ 6ರವರೆಗೆ ನಾನು ಅಲ್ಲೇ ಕೂರುತ್ತೇನೆ. ಬಾಗಿಲಲ್ಲಿ ಒಂದೇ ಪಾವಟಿಗೆ, 7 ಇಂಚು. ಏಳಡಿ ಹಲಗೆ ಮಾಡಿಸಬೇಕು, ಕಬ್ಬಿಣದ್ದು ಒಳ್ಳೆಯದೋ ಕಟ್ಟಿಗೆಯದೋ ನನಗೆ ಗೊತ್ತಾಗುತ್ತಿಲ್ಲ. ಮಳೆಯಲ್ಲಿ ಜಾರಬಾರದು. ನೀವು ಬಂದು ಒಮ್ಮೆ ನೋಡಿ ಹೇಳಿದರೆ ಚಲೋ ಆಗುತ್ತದೆ ಸಾಹೇಬ್ರೇ.