9ನೇ ಪಿಕ್‌ನಲ್ಲಿ ಬೇರ್ಸ್ ಲೆಫ್ಟ್ ಟ್ಯಾಕಲ್ ತಗೊಳ್ಳಲಿ

ಸರ್, ನಮಸ್ಕಾರ. ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ನೋಡಿದೆ. ಸಮಾಧಾನವಾಗಿ ಕೂತು ಬರೆಯೋಣ ಅಂತ ರಾತ್ರಿ ತನಕ ಬಿಟ್ಟೆ. ಮೈಸೂರಿನಿಂದ ಶಿಕಾಗೋಗೆ ಬಂದು ಆರು ತಿಂಗಳಾಯಿತು, ಮಗ ಐದನೇ ಕ್ಲಾಸು, ಶಾಲೆಯಲ್ಲಿ ಎಲ್ಲರ ಬಾಯಲ್ಲೂ 2024ರ ಏಪ್ರಿಲ್ ಕೊನೆಗೆ ನಡೆಯುವ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಡ್ರಾಫ್ಟ್ ಮಾತೇ, ಮನೆಗೆ ಬಂದು ಶಿಕಾಗೋ ತಂಡದ ಬಗ್ಗೆ "ಅಪ್ಪಾ, ಬೇರ್ಸ್ ಯಾರನ್ನ ತಗೋಬೇಕು?" ಅಂತ ಕೇಳ್ತಾನೆ, ಏನು ಹೇಳಲಿ ಅಂತ ಬರೆದಿದ್ದೀರಿ. ಕೆಳಗೆ ನಾಲ್ಕೈದು ಜನ "1ಕ್ಕೆ ಕೇಲಬ್ ವಿಲಿಯಮ್ಸ್, 9ಕ್ಕೆ ರೋಮ್ ಒಡೂನ್ಜೆ, ಮುಗೀತು" ಅಂತ ಉತ್ತರ ಕೊಟ್ಟಿದ್ದಾರೆ. ಕೇಲಬ್ ಯುಎಸ್‌ಸಿ ಕಾಲೇಜಿನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು), ಒಡೂನ್ಜೆ ವಾಷಿಂಗ್ಟನ್ ಕಾಲೇಜಿನ ರಿಸೀವರ್ (ಆ ಎಸೆತ ಹಿಡಿಯುವವನು). ಮೊದಲನೇ ಹೆಸರು ನನಗೂ ಒಪ್ಪಿಗೆ. ಎರಡನೆಯದು ಒಪ್ಪಿಗೆ ಇಲ್ಲ, ಅಲ್ಲಿ ಕ್ವಾರ್ಟರ್‌ಬ್ಯಾಕ್‌ನ ಎಡಗಡೆ ಕಾಯುವ ಲೆಫ್ಟ್ ಟ್ಯಾಕಲ್ ಬೇಕು. ಯಾಕೆ ಅಂತ ವಿವರವಾಗಿ ಹೇಳುತ್ತೇನೆ.

ಮೊದಲು ಡ್ರಾಫ್ಟ್ ಏನು ಅಂತ ಎರಡು ಮಾತು. ಐಪಿಎಲ್ ಹರಾಜು ನೋಡಿ ಬೆಳೆದ ನಮಗೆ ಇದು ಸ್ವಲ್ಪ ಗೊಂದಲ. ಇಲ್ಲಿ ಹರಾಜು ಕೂಗುವುದಿಲ್ಲ. 32 ತಂಡ, 7 ಸುತ್ತು. ಹಿಂದಿನ ವರ್ಷ ಅತಿ ಹೆಚ್ಚು ಸೋತವರಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಯ ಸರದಿ. ಕಾಲೇಜು ಆಡಿ ಬಂದ ಹುಡುಗರನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತಾರೆ. ಒಂದೊಂದು ಸರದಿಗೂ ಪಿಕ್ ಅನ್ನುತ್ತಾರೆ. ಆ ಪಿಕ್ಕನ್ನು ತಂಡಗಳು ತಮ್ಮತಮ್ಮಲ್ಲೇ ಅದಲುಬದಲು ಮಾಡಿಕೊಳ್ಳಬಹುದು. ಯಾವ ಪಿಕ್‌ಗೆ ಎಷ್ಟು ಸಂಬಳ ಅನ್ನುವುದೂ ಹೆಚ್ಚುಕಮ್ಮಿ ಮೊದಲೇ ನಿಗದಿ. ಹೋದ ವರ್ಷ ಒಂದನೇ ಪಿಕ್ ಆಗಿ ಹೋದ ಬ್ರೈಸ್ ಯಂಗ್‌ಗೆ ನಾಲ್ಕು ವರ್ಷಕ್ಕೆ ಸುಮಾರು 38 ಮಿಲಿಯನ್ ಡಾಲರ್ ಸಿಕ್ಕಿತು. ಅದೇ ವರ್ಷ ಸಿನ್ಸಿನಾಟಿಯ ಜೋ ಬರೋಗೆ ವರ್ಷಕ್ಕೇ 55 ಮಿಲಿಯನ್ ಒಪ್ಪಂದ ಆಯಿತು. ಅಂದರೆ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಡ್ರಾಫ್ಟ್‌ನಲ್ಲಿ ಸಿಕ್ಕರೆ ನಾಲ್ಕು ವರ್ಷ ಉಳಿದ ಹಣದಲ್ಲಿ ಮಿಕ್ಕ ತಂಡವನ್ನು ಗಟ್ಟಿ ಮಾಡಬಹುದು. ಮುಂದೆ ಹೇಳುವುದೆಲ್ಲ ಈ ಲೆಕ್ಕದ ಮೇಲೇ ನಿಂತಿದೆ.

ಬೇರ್ಸ್ ಹೋದ ಸೀಸನ್‌ನಲ್ಲಿ 7 ಗೆದ್ದು 10 ಸೋತರು. ಅದಕ್ಕೆ ಸಿಕ್ಕಿದ್ದು 9ನೇ ಪಿಕ್. ಹಾಗಾದರೆ ಒಂದನೇ ಪಿಕ್ ಎಲ್ಲಿಂದ ಬಂತು? 2023ರ ಮಾರ್ಚ್‌ನಲ್ಲಿ ನಮ್ಮ ಜನರಲ್ ಮ್ಯಾನೇಜರ್ ರಯನ್ ಪೋಲ್ಸ್ ಆಗಿನ ಒಂದನೇ ಪಿಕ್ಕನ್ನು ಕ್ಯಾರೊಲೈನಾ ಪ್ಯಾಂಥರ್ಸ್‌ಗೆ ಕೊಟ್ಟರು. ಬದಲಿಗೆ ಡಿ.ಜೆ. ಮೂರ್ ಎಂಬ ರಿಸೀವರ್, ಜೊತೆಗೆ ನಾಲ್ಕು ಪಿಕ್ ಬಂದವು. ಅದರಲ್ಲಿ ಒಂದು ಕ್ಯಾರೊಲೈನಾದ 2024ರ ಮೊದಲ ಸುತ್ತಿನದು. ಆ ತಂಡ 17ರಲ್ಲಿ ಎರಡೇ ಪಂದ್ಯ ಗೆದ್ದಿತು. ಅವರ ಸೋಲು ನಮಗೆ ಒಂದನೇ ಪಿಕ್ ಆಯಿತು. ಮೂರ್ ಇಲ್ಲಿ ಬಂದು ಮೊದಲ ವರ್ಷವೇ ಎಸೆತ ಹಿಡಿದು 1,364 ಯಾರ್ಡ್ ಮುನ್ನಡೆ ತಂದ. ನಾನು ಬೇರ್ಸ್ ನೋಡಲು ಶುರು ಮಾಡಿ ಹದಿನೇಳು ವರ್ಷವಾಯಿತು. ಇಷ್ಟು ಚೆನ್ನಾಗಿ ಕೈಗೂಡಿದ ವ್ಯವಹಾರ ನಾನು ನೋಡಿಲ್ಲ.

ಈಗ ಒಂದನೇ ಪಿಕ್. ಇದಕ್ಕೆ ಜಾಸ್ತಿ ಮಾತು ಬೇಡ. ಇಲ್ಲಿಯ ತನಕ ನಮ್ಮ ಕ್ವಾರ್ಟರ್‌ಬ್ಯಾಕ್ ಆಗಿದ್ದ ಜಸ್ಟಿನ್ ಫೀಲ್ಡ್ಸ್‌ನನ್ನು ಮಾರ್ಚ್‌ನಲ್ಲೇ ಪಿಟ್ಸ್‌ಬರ್ಗ್‌ಗೆ ಕಳಿಸಿಯಾಗಿದೆ. ಅಂದರೆ ಬೇರ್ಸ್ ಕ್ವಾರ್ಟರ್‌ಬ್ಯಾಕ್ ತಗೊಳ್ಳುವುದು ಖಂಡಿತ. ಎಲ್‌ಎಸ್‌ಯು ಕಾಲೇಜಿನ ಜೇಡನ್ ಡೇನಿಯಲ್ಸ್ ಹೋದ ವರ್ಷ 40 ಟಚ್‌ಡೌನ್ (ಚೆಂಡನ್ನು ಕೊನೆಯ ಗೆರೆ ದಾಟಿಸುವ ಸ್ಕೋರ್) ಎಸೆದು 1,134 ಯಾರ್ಡ್ ಓಡಿದ, ಕಾಲೇಜಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯೂ ಗೆದ್ದ. ನಾರ್ತ್ ಕ್ಯಾರೊಲೈನಾದ ಡ್ರೇಕ್ ಮೇ ಕೂಡ ಒಳ್ಳೆಯ ಹುಡುಗ. ಆದರೂ ಕೇಲಬ್ ಕೈಯಲ್ಲಿರುವುದು ಬೇರೆ ಇಬ್ಬರ ಕೈಯಲ್ಲಿ ಇಲ್ಲ. ಓಡುತ್ತಾ, ಮೈ ತಿರುಗಿಸಿಕೊಂಡು, ಕಾಲು ನೆಲಕ್ಕೆ ಊರದೆಯೇ ನಲವತ್ತು ಯಾರ್ಡ್ ದೂರಕ್ಕೆ ಸರಿಯಾಗಿ ಎಸೆಯುತ್ತಾನೆ. 2022ರಲ್ಲಿ 42 ಟಚ್‌ಡೌನ್ ಎಸೆದು ಹೈಸ್ಮನ್ ಗೆದ್ದವನು ಅವನೇ.

ನವೆಂಬರ್‌ನಲ್ಲಿ ವಾಷಿಂಗ್ಟನ್ ಕಾಲೇಜಿನ ಎದುರು 52-42ರಲ್ಲಿ ಸೋತ ಮೇಲೆ ಅವನು ಗ್ಯಾಲರಿ ಹತ್ತಿ ಅಮ್ಮನ ತೋಳಲ್ಲಿ ಮುಖ ಮುಚ್ಚಿ ಅತ್ತದ್ದನ್ನು ಟಿವಿಯಲ್ಲಿ ಮತ್ತೆ ಮತ್ತೆ ತೋರಿಸಿದರು. "ಇವನಿಗೆ ಗಟ್ಟಿ ಮನಸ್ಸಿಲ್ಲ" ಅಂತ ಇದೇ ಗುಂಪಿನಲ್ಲಿ ಒಬ್ಬರು ಬರೆದಿದ್ದರು. ನನಗೆ ಆ ಮಾತು ಬಹಳ ಬೇಸರ ತಂದಿತು. 42 ಪಾಯಿಂಟ್ ಬಂದರೂ ತಂಡ ಸೋತರೆ ಇಪ್ಪತ್ತೊಂದು ವರ್ಷದ ಹುಡುಗ ಅಮ್ಮನ ಹತ್ತಿರ ಅತ್ತರೆ ತಪ್ಪೇನು? ಸೋಲು ಅಷ್ಟು ಚುಚ್ಚುವವನೇ ನಮಗೆ ಬೇಕು. ನಿಮ್ಮ ಮಗನಿಗೂ ಇದನ್ನು ಹಾಗೇ ಹೇಳಿ.

ಈಗ ನಿಜವಾದ ವಿಷಯಕ್ಕೆ ಬರೋಣ, 9ನೇ ಪಿಕ್.

2021ರ ಸೆಪ್ಟೆಂಬರ್‌ನ ಒಂದು ಭಾನುವಾರ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಜಸ್ಟಿನ್ ಫೀಲ್ಡ್ಸ್ ಮೊದಲ ಸಲ ಸ್ಟಾರ್ಟ್ ಮಾಡಿದ ಪಂದ್ಯ, ಕ್ಲೀವ್‌ಲ್ಯಾಂಡ್‌ನಲ್ಲಿ. ಮನೆಯಲ್ಲಿ ನಾಲ್ಕು ಕುಟುಂಬ ಸೇರಿದ್ದೆವು, ಬಿಸಿಬೇಳೆಬಾತ್ ಮಾಡಿದ್ದೆವು. ಹುಡುಗ ಚೆಂಡು ಹಿಡಿದು ತಲೆ ಎತ್ತುವ ಹೊತ್ತಿಗೆ ಯಾರಾದರೂ ಮೈಮೇಲೆ ಬಿದ್ದಿರುತ್ತಿದ್ದರು. ಎಸೆಯುವ ಮೊದಲೇ ಹೀಗೆ ಕೆಡವುವುದಕ್ಕೆ ಸ್ಯಾಕ್ ಅನ್ನುತ್ತಾರೆ. ಒಂಬತ್ತು ಸಲ ಸ್ಯಾಕ್ ಆಯಿತು. ಅದರಲ್ಲಿ ನಾಲ್ಕೂವರೆ (ಇಬ್ಬರು ಸೇರಿ ಕೆಡವಿದರೆ ಅರ್ಧರ್ಧ) ಎದುರು ತಂಡದ ಮೈಲ್ಸ್ ಗ್ಯಾರೆಟ್ ಒಬ್ಬನದೇ. ಸ್ಯಾಕ್‌ನಲ್ಲಿ ಹೋದದ್ದನ್ನು ಕಳೆದರೆ ಇಡೀ ಪಂದ್ಯದಲ್ಲಿ ಪಾಸಿಂಗ್‌ನಿಂದ ನಮಗೆ ಬಂದದ್ದು ಒಂದು ಯಾರ್ಡ್. ಒಂದೇ ಯಾರ್ಡ್, ಸರ್. ಅರ್ಧ ಆಟದ ಹೊತ್ತಿಗೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮುಂದಿನ ವರ್ಷ, 2022ರಲ್ಲಿ, ಅವನು 55 ಸಲ ಸ್ಯಾಕ್ ಆದ. 2023ರಲ್ಲಿ 44. ಅವನದೂ ತಪ್ಪಿತ್ತು, ಚೆಂಡನ್ನು ಬೇಗ ಬಿಡುತ್ತಿರಲಿಲ್ಲ. ಆದರೆ ಮೊದಲ ವರ್ಷವೇ ಅಷ್ಟು ಏಟು ತಿಂದವನು ಮುಂದೆ ಹೇಗೆ ನೆಮ್ಮದಿಯಾಗಿ ನಿಂತು ಎಸೆಯುತ್ತಾನೆ? ನಾವು ಸಸಿ ತಂದು ನೆಟ್ಟೆವು, ಬೇಲಿ ಹಾಕಲಿಲ್ಲ.

ಕೇಲಬ್ ಕೂಡ ಚೆಂಡನ್ನು ಜಾಸ್ತಿ ಹೊತ್ತು ಹಿಡಿಯುವವನೇ. ಅವನ ಅಂದದ ಆಟ ಹುಟ್ಟುವುದೇ ಅಲ್ಲಿ, ಅಪಾಯವೂ ಅಲ್ಲೇ. ಅಕ್ಟೋಬರ್‌ನಲ್ಲಿ ನೋಟರ್ ಡೇಮ್ ಅವನ ಮೇಲೆ ಬಿಡದೆ ನುಗ್ಗಿದಾಗ ಮೂರು ಇಂಟರ್‌ಸೆಪ್ಷನ್ ಕೊಟ್ಟ (ಎಸೆತ ಎದುರಾಳಿಯ ಕೈಗೆ ಹೋಯಿತು), ತಂಡ 48-20ರಲ್ಲಿ ಸೋತಿತು. ಅವನು ಬಲಗೈಯಲ್ಲಿ ಎಸೆಯುತ್ತಾನೆ. ಹಾಗಾಗಿ ಎಡಗಡೆಯಿಂದ ಬರುವವನು ಅವನ ಬೆನ್ನಿನ ಕಡೆಯಿಂದ ಬರುತ್ತಾನೆ, ಕಣ್ಣಿಗೆ ಕಾಣುವುದಿಲ್ಲ. ಆ ಕಡೆ ಕಾಯುವವನೇ ಲೆಫ್ಟ್ ಟ್ಯಾಕಲ್.

ಬಲಗಡೆ ನಮಗೆ ಚಿಂತೆ ಇಲ್ಲ. ಹೋದ ವರ್ಷ 10ನೇ ಪಿಕ್‌ನಲ್ಲಿ ತಂದ ಡಾರ್ನೆಲ್ ರೈಟ್ ಚೆನ್ನಾಗಿ ನಿಂತಿದ್ದಾನೆ. ಎಡಗಡೆ ಇರುವವನು ಬ್ರ್ಯಾಕ್ಸ್‌ಟನ್ ಜೋನ್ಸ್. 2022ರ ಐದನೇ ಸುತ್ತಿನಲ್ಲಿ ಬಂದವನು, ಮೊದಲ ವರ್ಷ 17 ಪಂದ್ಯವನ್ನೂ ಆಡಿದ. ಐದನೇ ಸುತ್ತಿನವನಿಂದ ಅಷ್ಟು ಸಿಕ್ಕಿದ್ದು ದೊಡ್ಡ ಮಾತು. ಅವನ ಬಗ್ಗೆ ನನಗೆ ಗೌರವ ಇದೆ. ಆದರೆ ಬಲವಾದ ಆಟಗಾರ ನೇರವಾಗಿ ಎದೆಗೆ ನುಗ್ಗಿದರೆ ಜೋನ್ಸ್ ಹಿಂದಕ್ಕೆ ಸರಿಯುತ್ತಾನೆ. ಹೋದ ವರ್ಷ ಕತ್ತಿನ ಗಾಯದಿಂದ ಆರು ಪಂದ್ಯ ಹೊರಗಿದ್ದ. ಇಡೀ ಊರು ಹತ್ತು ವರ್ಷದ ಕನಸು ಕಟ್ಟಿಕೊಂಡಿರುವ ಹುಡುಗನ ಬೆನ್ನನ್ನು ಅಷ್ಟೇ ನಂಬಿಕೆಯ ಮೇಲೆ ಬಿಡಬೇಕಾ?

ಹಾಗಾದರೆ ಯಾರು? ನೋಟರ್ ಡೇಮ್‌ನ ಜೋ ಆಲ್ಟ್ 9ರ ತನಕ ಉಳಿದರೆ ಕಣ್ಣು ಮುಚ್ಚಿಕೊಂಡು ತಗೊಳ್ಳಲಿ. ಉಳಿಯುವುದಿಲ್ಲ ಅನ್ನಿಸುತ್ತದೆ. ಅಲಬಾಮಾದ ಜೆ.ಸಿ. ಲೇಥಮ್, ಒರೆಗಾನ್ ಸ್ಟೇಟ್‌ನ ಟಾಲಿಯೆಸ್ ಫುಆಗಾ ಇಬ್ಬರೂ ಕಾಲೇಜಿನಲ್ಲಿ ಬಲಗಡೆ ಆಡಿದವರು. ಆ ಜಾಗ ನಮ್ಮಲ್ಲಿ ತುಂಬಿದೆ. ನನ್ನ ಆಯ್ಕೆ ಪೆನ್ ಸ್ಟೇಟ್‌ನ ಓಲು ಫಶಾನು.

ಇವನ ಆಟ ನೋಡುವಾಗ ಚೆಂಡು ನೋಡಬೇಡಿ. ಸ್ನ್ಯಾಪ್ ಆಗಿ ಆಟ ಶುರುವಾದ ಕ್ಷಣದಿಂದ ಎಡಗಡೆ ಕೊನೆಯಲ್ಲಿ ನಿಂತವನ ಕಾಲು ನೋಡಿ. 6 ಅಡಿ 6 ಇಂಚು, 312 ಪೌಂಡ್ ಆಳು. ಅಂದರೆ ನೂರನಲವತ್ತು ಕಿಲೋ. ಆ ಮೈ ಹೊತ್ತುಕೊಂಡು ಹಿಂದಕ್ಕೆ ಜಾರುವಾಗ ಕಾಲು ನೆಲಕ್ಕೆ ತಾಗಿತೋ ಇಲ್ಲವೋ ಅನ್ನುವಷ್ಟು ಹಗುರ. ಎದುರಿನವನು ಹೊರಗೆ ಓಡುವ ಹಾಗೆ ತೋರಿಸಿ ತಟ್ಟನೆ ಒಳಗೆ ನುಗ್ಗಿದರೆ ಬೇರೆ ಟ್ಯಾಕಲ್‌ಗಳ ಸೊಂಟ ತಿರುಗಿಬಿಡುತ್ತದೆ, ಮತ್ತೆ ಸರಿಯಾಗುವುದಿಲ್ಲ. ಇವನು ಒಂದೇ ಹೆಜ್ಜೆ ವಾಪಸ್ ಇಟ್ಟು ಮತ್ತೆ ಎದುರಿಗೆ ನಿಂತಿರುತ್ತಾನೆ. ಭುಜ ಅಲ್ಲಾಡುವುದಿಲ್ಲ. ಇದು ಕಲಿಸಿ ಬರುವಂಥದ್ದಲ್ಲ.

ಕೊರತೆ ಇಲ್ಲವೇ? ಇದೆ. ಕೈ ಚಿಕ್ಕದು, ಅಳತೆಯಲ್ಲಿ ಎಂಟೂವರೆ ಇಂಚು ಬಂತು. ಕೈ ಹಾಕುವುದು ಕೆಲವು ಸಲ ತಡ. ಒಹಾಯೊ ಸ್ಟೇಟ್ ಎದುರು ಕಷ್ಟಪಟ್ಟ. ರನ್ ಬ್ಲಾಕ್‌ನಲ್ಲಿ (ಚೆಂಡು ಹಿಡಿದು ಓಡುವವನಿಗೆ ದಾರಿ ಬಿಡಿಸುವಾಗ) ಎದುರಿನವನನ್ನು ನೆಲಕ್ಕೆ ಕೆಡವುವ ಜಾತಿಯವನಲ್ಲ. ಆದರೆ ಕೈ ಹಾಕುವುದನ್ನು ಕೋಚ್ ಕಲಿಸಬಹುದು, ಕಾಲನ್ನು ಕಲಿಸಲಾಗುವುದಿಲ್ಲ. ಮೊದಲ ವರ್ಷ ಜೋನ್ಸ್ ಜೊತೆ ಪೈಪೋಟಿಗೆ ಬಿಟ್ಟರೂ ಸರಿಯೇ. ಸೋತವನು ಬೆಂಚಿನಲ್ಲಿ ಆಸರೆಯಾಗಿ ಇರುತ್ತಾನೆ. ಕತ್ತು ಹಿಡಿದುಕೊಂಡು ಒಬ್ಬ ಹೊರನಡೆದ ದಿನ ಆ ಆಸರೆಯ ಬೆಲೆ ಗೊತ್ತಾಗುತ್ತದೆ.

ಒಡೂನ್ಜೆ ಬಗ್ಗೆ ತಪ್ಪು ತಿಳಿಯಬೇಡಿ. 6 ಅಡಿ 3 ಇಂಚು ಎತ್ತರ, 40 ಯಾರ್ಡ್ ಓಟ 4.45 ಸೆಕೆಂಡು, ಹೋದ ವರ್ಷ 1,640 ಯಾರ್ಡ್. ಗಾಳಿಯಲ್ಲಿರುವ ಚೆಂಡಿಗೆ ಅವನ ಹಾಗೆ ಎಗರುವವರು ಕಡಿಮೆ. ಬೇರೆ ವರ್ಷವಾಗಿದ್ದರೆ ನಾನೇ ಅವನ ಹೆಸರು ಹೇಳುತ್ತಿದ್ದೆ. ಈಗ ನಮ್ಮಲ್ಲಿ ಮೂರ್ ಇದ್ದಾನೆ. ಚಾರ್ಜರ್ಸ್‌ನಿಂದ ಕೀನನ್ ಆಲೆನ್ ಬಂದಿದ್ದಾನೆ, ಹೋದ ವರ್ಷ 13 ಪಂದ್ಯದಲ್ಲೇ 108 ಕ್ಯಾಚ್ ಹಿಡಿದವನು. ಟೈಟ್ ಎಂಡ್ (ಎಸೆತ ಹಿಡಿಯುವ, ಎದುರಾಳಿಯನ್ನು ತಡೆಯುವ ಎರಡೂ ಕೆಲಸದವನು) ಕೋಲ್ ಕ್ಮೆಟ್ ಇದ್ದಾನೆ. ಹೊಸ ಹುಡುಗನ ಎಸೆತ ಹಿಡಿಯಲು ಈ ವರ್ಷಕ್ಕೆ ಜನ ಸಾಕು.

ಒಡೂನ್ಜೆ ಕಡೆಯವರ ವಾದದಲ್ಲಿ ನಿಜವೂ ಇದೆ. ಆಲೆನ್‌ಗೆ ಡ್ರಾಫ್ಟ್‌ನ ಕೊನೆಯ ದಿನ, ಏಪ್ರಿಲ್ 27ಕ್ಕೆ, 32 ತುಂಬುತ್ತದೆ. ಒಪ್ಪಂದ ಒಂದೇ ವರ್ಷ ಉಳಿದಿದೆ. ಮುಂದಿನ ವರ್ಷ ರಿಸೀವರ್ ಬೇಕೇ ಬೇಕು. ಆದರೆ ಒಳ್ಳೆಯ ರಿಸೀವರ್ ತಡವಾಗಿಯೂ ಸಿಗುತ್ತಾನೆ. ನಮ್ಮದೇ ಡಿವಿಷನ್‌ನ ಡೆಟ್ರಾಯಿಟ್‌ನಲ್ಲಿ ಅಮೋನ್-ರಾ ಸೇಂಟ್ ಬ್ರೌನ್ ನಾಲ್ಕನೇ ಸುತ್ತಿನವನು. ರ‍್ಯಾಮ್ಸ್‌ನ ಪೂಕಾ ನಕೂವಾ ಐದನೇ ಸುತ್ತಿನವನು, ಮೊದಲ ವರ್ಷವೇ 1,486 ಯಾರ್ಡ್ ಹೊಡೆದು ರೂಕಿ (ಮೊದಲ ವರ್ಷದ ಆಟಗಾರರ) ದಾಖಲೆ ಮಾಡಿದ. "ಜೋನ್ಸ್ ಕೂಡ ಐದನೇ ಸುತ್ತಿನವನೇ ಅಲ್ವಾ?" ಅಂತ ನೀವು ಕೇಳಬಹುದು. ಹೌದು. ಅಂಥ ಟ್ಯಾಕಲ್ ಸಿಗುವುದು ಅಪರೂಪ, ಸಿಕ್ಕರೂ ಮಟ್ಟ ಎಲ್ಲಿಗೆ ನಿಲ್ಲುತ್ತದೆ ಅಂತ ಮೇಲೆ ಹೇಳಿದೆನಲ್ಲ.

ಎಡ್ಜ್ ರಷರ್ (ಅಂಚಿನಿಂದ ಎದುರು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವನು) ಬೇಕು ಅನ್ನುವವರೂ ಇದ್ದಾರೆ. ಯುಸಿಎಲ್‌ಎಯ ಲಾಯಾಟು ಲಾಟು ಕಥೆ ಕೇಳಿದರೆ ಮನಸ್ಸು ಕರಗುತ್ತದೆ. ಕತ್ತಿನ ಗಾಯಕ್ಕೆ ಆಟವೇ ಮುಗಿಯಿತು ಅಂದಿದ್ದರು. ಕಾಲೇಜು ಬದಲಿಸಿ ಬಂದು ಹೋದ ವರ್ಷ 13 ಸ್ಯಾಕ್ ಮಾಡಿದ. ಆದರೆ ನಮ್ಮಲ್ಲಿ ಮೊಂಟೆಜ್ ಸ್ವೆಟ್ ಇದ್ದಾನೆ. ಇನ್ನೊಂದು ಕಡೆಗೆ ಒಂದು ವರ್ಷ ಕಾಯಬಹುದು.

ಅದೇ ಸ್ವೆಟ್‌ಗೋಸ್ಕರ ಎರಡನೇ ಸುತ್ತಿನ ಪಿಕ್ ಎನ್‌ಎಫ್‌ಎಲ್‌ನ ವಾಷಿಂಗ್ಟನ್ ತಂಡಕ್ಕೆ ಹೋಗಿದೆ ಅನ್ನುವುದು ನೆನಪಿರಲಿ. ನಮ್ಮ ಕೈಯಲ್ಲಿ ಈಗ ಇರುವುದು ನಾಲ್ಕೇ ಪಿಕ್: 1, 9, 75, 122. 9 ಆದ ಮೇಲೆ 65 ಹುಡುಗರು ಹೋಗುವ ತನಕ ನಾವು ಸುಮ್ನೆ ಕೂತಿರಬೇಕು. ಹಾಗಾಗಿ ಮಿನೆಸೋಟಾ ಫೋನ್ ಮಾಡಿದರೆ ಪೋಲ್ಸ್ ಮಾತಾಡಲಿ. ಅವರ ಹತ್ತಿರ 11 ಮತ್ತು 23 ಎರಡೂ ಇವೆ, ಕ್ವಾರ್ಟರ್‌ಬ್ಯಾಕ್ ಬೇಕಾಗಿದೆ. 11ರ ಜೊತೆ ಒಳ್ಳೆಯ ಪಿಕ್ ಸಿಕ್ಕರೆ ಎರಡು ಹೆಜ್ಜೆ ಹಿಂದೆ ಸರಿಯಬಹುದು. ಒಂದು ಭಯ, ಮಧ್ಯದಲ್ಲಿ 10ಕ್ಕೆ ಜೆಟ್ಸ್ ಇದೆ. ಅವರ ಟ್ಯಾಕಲ್‌ಗಳಿಗೆ ವಯಸ್ಸಾಗಿದೆ, ಫಶಾನು ಮೇಲೆ ಅವರಿಗೂ ಕಣ್ಣಿರಬಹುದು. ನಾನಾಗಿದ್ದರೆ ಅಲುಗಾಡದೆ 9ರಲ್ಲೇ ಹೆಸರು ಬರೆದು ಕೊಡುತ್ತಿದ್ದೆ.

75ಕ್ಕೆ ರಿಸೀವರ್. ನನಗೆ ಇಷ್ಟವಾದವನು ಜೇಲನ್ ಮೆಕ್‌ಮಿಲನ್, ವಾಷಿಂಗ್ಟನ್ ಕಾಲೇಜಿನಲ್ಲಿ ಒಡೂನ್ಜೆ ಪಕ್ಕದಲ್ಲೇ ಆಡಿದವನು. 2022ರಲ್ಲಿ 1,098 ಯಾರ್ಡ್ ಹೊಡೆದ. ಹೋದ ವರ್ಷ ಮಂಡಿ ಗಾಯ, ಅದಕ್ಕೇ ಜನ ಮರೆತಿದ್ದಾರೆ. ಮಿಷಿಗನ್‌ನ ರೋಮನ್ ವಿಲ್ಸನ್ ಉಳಿದಿದ್ದರೆ ಅವನೂ ಆಗಬಹುದು. 122ಕ್ಕೆ ಕ್ಯಾನ್ಸಸ್‌ನ ಆಸ್ಟಿನ್ ಬುಕರ್, ಎಡ್ಜ್. ಒಂದೇ ವರ್ಷ ಸರಿಯಾಗಿ ಆಡಿ 8 ಸ್ಯಾಕ್ ಮಾಡಿದ್ದಾನೆ. ಇನ್ನೂ ಹಸಿ, ಆದರೆ ಆ ಜಾಗದಲ್ಲಿ ಹಸಿಯಾಗಿದ್ದರೂ ಪರವಾಗಿಲ್ಲ.

ಮಗನ ಜೊತೆ ನೋಡುವುದಾದರೆ: ಏಪ್ರಿಲ್ 25, ಗುರುವಾರ, ನಮ್ಮ ಗಂಟೆಗೆ ಸಂಜೆ 7. ಡೆಟ್ರಾಯಿಟ್‌ನಲ್ಲಿ ನಡೆಯುತ್ತದೆ. ಮೊದಲ ಸುತ್ತಿನಲ್ಲಿ ಪ್ರತಿ ತಂಡಕ್ಕೆ 10 ನಿಮಿಷ ಸಮಯ. ಒಂದನೇ ಪಿಕ್ ಬೇಗ ಮುಗಿಯುತ್ತದೆ. ನಮ್ಮ 9 ಬರುವಾಗ ಎಂಟು, ಎಂಟೂವರೆ ಆಗಬಹುದು. ಮರುದಿನ ಶಾಲೆ ಇದೆ ಅಂತ ಮಲಗಿಸಬೇಡಿ, ಅಲ್ಲಿ ತನಕ ಕೂರಿಸಿಕೊಳ್ಳಿ. ಅದಕ್ಕೆ ಮುಂಚೆ ಈ ವಾರ ಯಾವುದಾದರೂ ಒಂದು ಸಂಜೆ ಪೆನ್ ಸ್ಟೇಟ್‌ನ ಒಂದು ಪಂದ್ಯ ಹಾಕಿ, 74ನೇ ನಂಬರ್ ಶರ್ಟಿನವನ ಕಾಲು ತೋರಿಸಿ. ನೋಡಿ ಏನಂದ ಅಂತ ಇಲ್ಲಿ ಬರೆಯಿರಿ, ನಾನು ಕಾಯುತ್ತಿರುತ್ತೇನೆ.